ದೂರಿಲ್ಲದ ಹಾಡು, ಹಾಡಿಲ್ಲದ ದೂರು

ಪ್ರತಿಭಟನೆಯ ಹಾಡುಗಳು ಈಚೆಗೆ ಏಕೆ ಹುಟ್ಟುತ್ತಿಲ್ಲ ಎಂಬ ಪ್ರಶ್ನೆ ಸಾಹಿತ್ಯದ ವಿದ್ಯಾರ್ಥಿಗಳ ನಡುವೆ ಆಗಾಗ ಏಳುತ್ತದೆ. ಇದಕ್ಕೆ ಸಾಮಾನ್ಯವಾಗಿ ದೊರೆಯುವ ಉತ್ತರಗಳು ಎರಡು. ಕವಿಗಳಲ್ಲಿ ಸಿಟ್ಟು ಆರಿಹೋಗಿದೆ ಎಂಬುದು ಒಂದು. ಮಾರುಕಟ್ಟೆಯು ಅಂಥ ಹಾಡಿಗೆ ಎಡೆ ಕೊಡುವುದಿಲ್ಲ ಎಂಬುದು ಇನ್ನೊಂದು. ಎರಡರಲ್ಲಿಯೂ ಸತ್ಯಾಂಶವಿದೆ. ಆದರೆ ಇವು ಪ್ರಶ್ನೆಯ ಬುಡವನ್ನು ಮುಟ್ಟುವುದಿಲ್ಲವೆಂದು ನನಗೆ ತೋರುತ್ತದೆ. ಪ್ರತಿಭಟನೆಯ ಹಾಡಿಗೆ ಒಳ್ಳೆಯ ಕವಿ, ಒಳ್ಳೆಯ ಕಂಠಗಳಷ್ಟೇ ಸಾಲವು. ದೂರನ್ನು ಕೇಳಿಸಿಕೊಳ್ಳಬೇಕಾದ ಎದುರಾಳಿಯೊಬ್ಬ ಬೇಕು; ಆ ದೂರನ್ನು ತನ್ನದೆಂದು ಎತ್ತಿಕೊಂಡು ದನಿಗೂಡಿಸುವ ಸಮೂಹವೊಂದು ಬೇಕು. ಇವೆರಡೂ ಇಲ್ಲದ ಕಡೆ ಎಷ್ಟೇ ಖಾರವಾದ ಪದಗಳಿದ್ದರೂ ಹಾಡು ಕೇವಲ ಕೇಳುವ ವಸ್ತುವಾಗುತ್ತದೆ. ನಮ್ಮ ಜನಪ್ರಿಯ ಸಂಗೀತವು ಕಳೆದುಕೊಂಡಿರುವುದು ಸಿಟ್ಟನ್ನಲ್ಲ, ಈ ಎರಡು ಸಂಬಂಧಗಳನ್ನು. ಹೊರನಾಡ ಕನ್ನಡಿಗರಾದ ನಮ್ಮ ಮಟ್ಟಿಗಂತೂ ಈ ನಷ್ಟ ಇನ್ನಷ್ಟು ಆಳವಾದುದು.

ಕನ್ನಡಕ್ಕೆ ಇಂಥ ಹಾಡಿನ ಪರಂಪರೆ ಹೊಸತಲ್ಲ. 1857ರಲ್ಲಿ ಬ್ರಿಟಿಷ್ ಆಡಳಿತವು ಜನರ ಕೈಯಲ್ಲಿದ್ದ ಆಯುಧಗಳನ್ನು ಕಸಿದುಕೊಳ್ಳಲು ಹೊರಟಾಗ ಮುಧೋಳದ ಬಳಿಯ ಹಲಗಲಿಯ ಬೇಡರು ಅದಕ್ಕೆ ಒಪ್ಪದೆ ತಿರುಗಿಬಿದ್ದರು. ಊರು ಸುಟ್ಟುಹೋಯಿತು, ಹಿಡಿದವರನ್ನು ಗಲ್ಲಿಗೇರಿಸಲಾಯಿತು. ಈ ಘಟನೆಯನ್ನು ಕುರಿತ ಲಾವಣಿಯನ್ನು, ಸಂಗೊಳ್ಳಿ ರಾಯಣ್ಣನ ಲಾವಣಿಯೊಡನೆ, ಸಂಗ್ರಹಿಸಿದವನು ಅದೇ ಸರ್ಕಾರದ ಅಧಿಕಾರಿಯಾಗಿದ್ದ ಜಾನ್ ಫೇತ್‌ಫುಲ್ ಫ್ಲೀಟ್. ಅವು ಬೆಳಕು ಕಂಡದ್ದು 1880ರ ದಶಕದಲ್ಲಿ, ಮುಂಬಯಿಯಲ್ಲಿ ಅಚ್ಚಾಗುತ್ತಿದ್ದ 'ಇಂಡಿಯನ್ ಆಂಟಿಕ್ವರಿ' ಪತ್ರಿಕೆಯಲ್ಲಿ. ಅಧಿಕಾರಿಯೊಬ್ಬ ತನ್ನ ಪ್ರಭುತ್ವದ ಮೇಲಿನ ದೂರನ್ನೇ ಬರೆದಿಟ್ಟುಕೊಳ್ಳಬೇಕಾಯಿತು ಎಂಬುದರಲ್ಲಿ ಆ ಹಾಡಿನ ಶಕ್ತಿ ಇದೆ. ಅದು ಊರೂರು ಸುತ್ತುತ್ತಿತ್ತು. ಅದಕ್ಕೆ ಡಪ್ಪಿತ್ತು, ತುಂತುಣಿಯಿತ್ತು, ಹಿಮ್ಮೇಳವಿತ್ತು. ಹಿಮ್ಮೇಳವೆಂದರೆ ಅಲಂಕಾರವಲ್ಲ, ಹಾಡಿದವನೊಬ್ಬನೇ ಅಲ್ಲ, ನಾವೂ ಇದ್ದೇವೆ ಎಂದು ಸಾಕ್ಷಿ ಹೇಳುವ ದನಿ.

ಆ ಹಿಮ್ಮೇಳವು ಆಧುನಿಕ ಕನ್ನಡಕ್ಕೆ ಮತ್ತೆ ಒದಗಿದ್ದು 1970ರ ದಶಕದಲ್ಲಿ. 1975ರಲ್ಲಿ ಸಿದ್ಧಲಿಂಗಯ್ಯನವರ 'ಹೊಲೆಮಾದಿಗರ ಹಾಡು' ಪ್ರಕಟವಾಯಿತು. ಅದೇ ವರ್ಷ 'ಸಮುದಾಯ' ರಂಗತಂಡ ಹುಟ್ಟಿತು. 1979ರಲ್ಲಿ ಅದು ನಾಡಿನುದ್ದಕ್ಕೂ ಜಾಥಾ ನಡೆಸಿತು. ಬಂಡಾಯ ಸಾಹಿತ್ಯ ಸಂಘಟನೆ ಕಣ್ದೆರೆದದ್ದೂ 1979ರಲ್ಲಿಯೇ. ದಲಿತ ಸಂಘರ್ಷ ಸಮಿತಿಯ ಸಭೆಗಳಲ್ಲಿ ಸಿದ್ಧಲಿಂಗಯ್ಯನವರ ಪದ್ಯಗಳನ್ನು ಜನ ಓದಿ ಕಲಿಯಲಿಲ್ಲ, ಕೇಳಿ ಕಲಿತರು. ಪುಸ್ತಕವನ್ನು ಕಾಣದ ಕೇರಿಗಳಿಗೂ ಆ ಹಾಡು ತಲುಪಿತು. ವಿಮರ್ಶಕರು ಆ ಪದ್ಯಗಳ ಕಾವ್ಯಗುಣವನ್ನು ಕುರಿತು ಚರ್ಚಿಸುತ್ತಿದ್ದ ಹೊತ್ತಿಗೆ ಅವು ತಮ್ಮ ಕೆಲಸವನ್ನು ಆಗಲೇ ಮುಗಿಸಿದ್ದವು.

ಆದರೆ ಇದೇ ಕಾಲದಲ್ಲಿ ಮತ್ತೊಂದು ಬೆಳವಣಿಗೆಯೂ ನಡೆಯಿತು. ನಿಸಾರ್ ಅಹಮದರ ಕವಿತೆಗಳ 'ನಿತ್ಯೋತ್ಸವ' ಧ್ವನಿಸುರುಳಿ 1978ರಲ್ಲಿ ಬಂದಿತು. ಮುಂದೆ ಭಾವಗೀತೆಯ ಸುರುಳಿಗಳು ಮಧ್ಯಮವರ್ಗದ ಮನೆಮನೆಯನ್ನು ಹೊಕ್ಕವು. ಮೈಸೂರು ಅನಂತಸ್ವಾಮಿ, ಸಿ. ಅಶ್ವತ್ಥ್ ಮೊದಲಾದವರು ಆಧುನಿಕ ಕಾವ್ಯವನ್ನು ಸಾಮಾನ್ಯ ಕೇಳುಗನ ಕಿವಿಗೆ ಮುಟ್ಟಿಸಿದ ಉಪಕಾರವನ್ನು ಯಾರೂ ಮರೆಯಲಾಗದು. ಆದರೂ ಒಂದು ಮಾತನ್ನು ಹೇಳಲೇಬೇಕು. ಸುರುಳಿಯು ಹಾಡನ್ನು ಬೀದಿಯಿಂದ ಕೋಣೆಗೆ ತಂದಿತು. ಹಾಡುವವನನ್ನು ಕೇಳುವವನನ್ನಾಗಿ ಮಾಡಿತು. ಕಿವಿಗೆ ಸಿಕ್ಕಿಸಿಕೊಳ್ಳುವ ಇಂದಿನ ಪುಟ್ಟ ಸಾಧನಗಳು ಆ ಕೆಲಸವನ್ನು ಪೂರ್ಣಗೊಳಿಸಿವೆ. ಒಂದೇ ರೈಲುಡಬ್ಬಿಯಲ್ಲಿ ಭುಜಕ್ಕೆ ಭುಜ ತಾಗಿಸಿ ನಿಂತ ನೂರು ಜನ ನೂರು ಬೇರೆ ಹಾಡುಗಳನ್ನು ಕೇಳುತ್ತಿರುವಾಗ ಹಿಮ್ಮೇಳಕ್ಕೆ ಜಾಗವೆಲ್ಲಿ?

ಚಲನಚಿತ್ರದ ಕಥೆ ಇನ್ನೂ ಸ್ವಾರಸ್ಯಕರ. ಸಿದ್ಧಲಿಂಗಯ್ಯನವರ ಪದ್ಯ ಕನ್ನಡ ಬೆಳ್ಳಿತೆರೆಗೆ ಬಂದಿತು. ಪುಟ್ಟಣ್ಣ ಕಣಗಾಲರ 'ಧರಣಿ ಮಂಡಲ ಮಧ್ಯದೊಳಗೆ' (1983) ಚಿತ್ರದ ಮೂಲಕ ಅವರ ಹಾಡು ಮನೆಮಾತಾಯಿತು. ಆದರೆ ಅದು ಪ್ರೇಮಗೀತೆ! ಕವಿ ಪ್ರೇಮಗೀತೆ ಬರೆಯಬಾರದೆಂದಲ್ಲ. ಕೇರಿಯ ಜನ ಹಾಡುತ್ತಿದ್ದ ಅವರ ಹಾಡುಗಳನ್ನು ಬದಿಗಿರಿಸಿ ಉದ್ಯಮವು ಯಾವುದನ್ನು ಆರಿಸಿಕೊಂಡಿತು ಎಂಬುದು ಗಮನಾರ್ಹ. ಜನಪ್ರಿಯ ಕನ್ನಡ ಚಿತ್ರಗೀತೆಯು ಸಾರ್ವಜನಿಕ ಭಾವವೆಂದು ಹೆಚ್ಚಾಗಿ ಒಪ್ಪಿಕೊಂಡದ್ದು ನಾಡು ನುಡಿಯ ಅಭಿಮಾನವನ್ನು. 1982ರ ಗೋಕಾಕ್ ಚಳವಳಿಯಲ್ಲಿ ಡಾ. ರಾಜಕುಮಾರ್ ಬೀದಿಗಿಳಿದಾಗ ಭಾಷೆಯು ನಿಜವಾದ ಪ್ರತಿಭಟನೆಯ ವಿಷಯವಾಗಿತ್ತು. ಎದುರಿಗೆ ಉತ್ತರಿಸಬೇಕಾದ ಸರ್ಕಾರವಿತ್ತು. ಹತ್ತು ವರ್ಷ ಕಳೆಯುವಷ್ಟರಲ್ಲಿ, 'ಆಕಸ್ಮಿಕ' (1993) ಚಿತ್ರದ ಪ್ರಸಿದ್ಧ ಗೀತೆಯ ವೇಳೆಗೆ, ಅದು ಹೆಮ್ಮೆಯ ಹಾಡಾಗಿ ನೆಲೆನಿಂತಿತ್ತು. ಹೆಮ್ಮೆಗೆ ಎದುರಾಳಿ ಬೇಕಿಲ್ಲ. ಜಯಘೋಷ ಯಾರನ್ನೂ ಪ್ರಶ್ನಿಸುವುದಿಲ್ಲ.

ಜನಪ್ರಿಯ ಮಾಧ್ಯಮದ ಸ್ವಭಾವವೇ ಹೀಗೆ ಎಂದು ಕೈಚೆಲ್ಲುವುದು ಸರಿಯಲ್ಲ. ಮುಂಬಯಿಯಲ್ಲಿಯೇ ತಯಾರಾದ 'ಕಿಸ್ಮತ್' (1943) ಚಿತ್ರದಲ್ಲಿ ಕವಿ ಪ್ರದೀಪರು ಪರಕೀಯರನ್ನು ತೊಲಗಿರೆನ್ನುವ ಹಾಡನ್ನು ಬರೆದರು. ಜರ್ಮನರನ್ನೂ ಜಪಾನೀಯರನ್ನೂ ಹೆಸರಿಸಿ ಸೆನ್ಸಾರಿನ ಕಣ್ಣು ತಪ್ಪಿಸಿದರು. ಯಾರನ್ನು ಕುರಿತ ಮಾತೆಂಬುದು ಪ್ರೇಕ್ಷಕನಿಗೆ ತಿಳಿದೇ ಇತ್ತು. ಸಾಹಿರ್ ಲೂಧಿಯಾನವಿಯವರು ವೇಶ್ಯಾವಾಟಿಕೆಯನ್ನು ಕುರಿತ ತಮ್ಮ ಹಳೆಯ ಉರ್ದು ಪದ್ಯವನ್ನು 'ಪ್ಯಾಸಾ' (1957) ಚಿತ್ರಕ್ಕಾಗಿ ಸರಳಗೊಳಿಸುವಾಗ, ಬಿಗಿಯಾದ ಪರ್ಷಿಯನ್ ಸಮಾಸದ ಪಲ್ಲವಿಯನ್ನು ತೆಗೆದು, ದೇಶದ ಬಗ್ಗೆ ಹೆಮ್ಮೆಪಡುವವರು ಎಲ್ಲಿದ್ದಾರೆಂದು ಕೇಳುವ ಪಲ್ಲವಿಯನ್ನಿಟ್ಟರು. ಪದ ಸುಲಭವಾಯಿತು, ಏಟು ಹೆಚ್ಚಾಯಿತು. ಇದಕ್ಕೆ ಪ್ರತಿಯಾದ ಉದಾಹರಣೆಯೂ ಇದೇ ಊರಿನದು. ಮಹಿಳಾ ಚಳವಳಿಯಲ್ಲಿ ಕಮಲಾ ಭಸೀನ್ ಅವರು ಪ್ರಚಾರಕ್ಕೆ ತಂದ, 2016ರಲ್ಲಿ ದೆಹಲಿಯ ಜವಾಹರಲಾಲ್ ನೆಹರೂ ವಿಶ್ವವಿದ್ಯಾಲಯದಲ್ಲಿ ಮೊಳಗಿದ ಸ್ವಾತಂತ್ರ್ಯದ ಘೋಷಣೆ 2019ರ 'ಗಲ್ಲಿ ಬಾಯ್' ಚಿತ್ರದಲ್ಲಿ ಹಾಡಾಯಿತು. ವಿದ್ಯಾರ್ಥಿಗಳ ಘೋಷಣೆಯು ಯಾವ ಯಾವ ವಾದಗಳನ್ನು ಹೆಸರು ಹಿಡಿದು ಕರೆದಿತ್ತೋ ಅವು ಚಿತ್ರದ ಹಾಡಿನಲ್ಲಿ ಉಳಿಯಲಿಲ್ಲ. ಲಯ ಉಳಿಯಿತು, ವಿಳಾಸ ಅಳಿಯಿತು.

ಈಗ ನಮ್ಮ ಮನೆಯಂಗಳಕ್ಕೆ ಬರೋಣ. 1944ರಲ್ಲಿ ಅಣ್ಣಾ ಭಾವೂ ಸಾಠೆ, ಅಮರ ಶೇಖ್ ಮತ್ತು ಗವಾಣಕರರು ಕಟ್ಟಿದ 'ಲಾಲ್ ಬಾವಟಾ ಕಲಾಪಥಕ'ವು ಮುಂಬಯಿಯ ಕಾರ್ಮಿಕ ಬಸ್ತಿಗಳಲ್ಲಿ ತಮಾಶಾವನ್ನೂ ಲಾವಣಿಯನ್ನೂ ಹೊಸ ಅರ್ಥಕ್ಕೆ ದುಡಿಸಿತು. ಸಂಯುಕ್ತ ಮಹಾರಾಷ್ಟ್ರ ಚಳವಳಿಯ ಕಾಲದಲ್ಲಿ ಪ್ರಸಿದ್ಧವಾದ ಸಾಠೆಯವರ 'ಮಾಝೀ ಮೈನಾ' ಲಾವಣಿಯ ರಚನೆಯನ್ನು ನಮ್ಮ ವಿದ್ಯಾರ್ಥಿಗಳು ಅಭ್ಯಾಸ ಮಾಡಬೇಕು. ಹೊಟ್ಟೆಪಾಡಿಗಾಗಿ ಮುಂಬಯಿಗೆ ಬಂದ ಕೂಲಿಯೊಬ್ಬ ಊರಲ್ಲಿ ಬಿಟ್ಟುಬಂದ ಹೆಂಡತಿಯನ್ನು ನೆನೆದು ಹಂಬಲಿಸುತ್ತಾನೆ. ಅಲ್ಲಿಯವರೆಗೆ ಅದು ಶುದ್ಧ ವಿರಹಗೀತೆ. ಕೊನೆಯ ಭಾಗದಲ್ಲಿ ಆ ಅಗಲಿಕೆಯೇ ನಾಡಿನ ಅಗಲಿಕೆಯಾಗುತ್ತದೆ; ವಿರಹವು ಹಕ್ಕೊತ್ತಾಯವಾಗುತ್ತದೆ. ಕನ್ನಡಿಗನಿಗೆ ಇಲ್ಲೊಂದು ಮುಳ್ಳೂ ಇದೆ. ಅಗಲಿದ ನೆಲವೆಂದು ಕವಿ ಹೆಸರಿಸುವ ಊರುಗಳಲ್ಲಿ ಬೆಳಗಾವಿಯಿದೆ, ಕಾರವಾರವಿದೆ. ಕಾರವಾರದಿಂದಲೇ ಬಂದು ಪಕ್ಕದ ಚಾಳಿನಲ್ಲಿ ವಾಸವಾಗಿದ್ದ ಕನ್ನಡಿಗ ಆ ಹಾಡಿಗೆ ದನಿಗೂಡಿಸಬಹುದಿತ್ತೇ? ಅರ್ಧದವರೆಗೆ ಅದು ಅವನದೇ ಹಾಡು. ಇನ್ನರ್ಧದಲ್ಲಿ ಅದು ಅವನನ್ನು ಹೊರಗಿಡುತ್ತದೆ.

ಹಾಗಿದ್ದರೆ ಅವನದೇ ಆದ ಹಾಡೆಲ್ಲಿ? ಈ ನಗರದ ದುಡಿಮೆಯಲ್ಲಿ ಕನ್ನಡಿಗರ ಪಾಲು ಸಣ್ಣದಲ್ಲ. ಉಡುಪಿ ಹೋಟೆಲುಗಳ ಅಡುಗೆಮನೆಯಲ್ಲಿ ಹಗಲು ದುಡಿದು ರಾತ್ರಿ ಶಾಲೆಗಳಲ್ಲಿ ಅಕ್ಷರ ಕಲಿತ ಹುಡುಗರ ತಲೆಮಾರುಗಳಿವೆ. ಮಂಗಳೂರಿನಿಂದ ಬಂದ ಜಾರ್ಜ್ ಫರ್ನಾಂಡಿಸರು ಇಲ್ಲಿನ ಟ್ಯಾಕ್ಸಿ ಚಾಲಕರನ್ನು ಸಂಘಟಿಸಿದರು. 1974ರ ಮೇ ತಿಂಗಳ ರೈಲ್ವೆ ಮುಷ್ಕರವನ್ನು ಮುನ್ನಡೆಸಿದರು. 1982ರ ಜನವರಿ 18ರಂದು ಆರಂಭವಾದ ಗಿರಣಿ ಮುಷ್ಕರ ಸುಮಾರು ಎರಡೂವರೆ ಲಕ್ಷ ಕಾರ್ಮಿಕರ ಬದುಕನ್ನು ಅಲುಗಾಡಿಸಿತು. ನಮ್ಮ ಗದ್ಯ ಇದಕ್ಕೆ ಕುರುಡಾಗಿರಲಿಲ್ಲ. ವ್ಯಾಸರಾಯ ಬಲ್ಲಾಳರ 'ಬಂಡಾಯ' ಕಾದಂಬರಿಗೆ 1986ರಲ್ಲಿ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಿತು. ಯಶವಂತ ಚಿತ್ತಾಲರ 'ಶಿಕಾರಿ' (1979) ಈ ನಗರದ ಉದ್ಯಮಲೋಕದ ಕ್ರೌರ್ಯವನ್ನು ಬಿಚ್ಚಿಟ್ಟಿತು. ಆದರೆ ಮುಂಬಯಿ ಕನ್ನಡಿಗರ ಬಾಯಲ್ಲಿ ನಿಂತ ಹೋರಾಟದ ಹಾಡು ಯಾವುದೆಂದು ಕೇಳಿದರೆ ನಾವು ತಡವರಿಸುತ್ತೇವೆ. ಸಂಬಳಕ್ಕಾಗಿ ಕೂಗಬೇಕಾದಾಗ ನಮ್ಮವರು ಮರಾಠಿಯಲ್ಲಿಯೋ ಹಿಂದಿಯಲ್ಲಿಯೋ ಕೂಗಿದರು. ಕನ್ನಡವನ್ನು ಊರಿನ ನೆನಪಿಗೆ, ರಾಜ್ಯೋತ್ಸವದ ವೇದಿಕೆಗೆ ಮೀಸಲಿಟ್ಟರು.

ಇದನ್ನು ನಾನು ದೂಷಣೆಯಾಗಿ ಹೇಳುತ್ತಿಲ್ಲ. ಹೋರಾಟ ಒಂದೇ ಆಗಿರುವಾಗ ಸಹಕಾರ್ಮಿಕರ ಭಾಷೆಯಲ್ಲಿ ಹಾಡುವುದು ವಿವೇಕವೇ ಸರಿ. ಆದರೆ ಅದರ ಪರಿಣಾಮವನ್ನು ನಾವು ಅರಿಯಬೇಕು. ದೂರು ಹೇಳಲು ಬಾರದ ಭಾಷೆ ಕ್ರಮೇಣ ಹಬ್ಬದ ಉಡುಪಿನಂತಾಗುತ್ತದೆ. ಪೆಟ್ಟಿಗೆಯಲ್ಲಿ ಮಡಿಸಿಟ್ಟು ವರ್ಷಕ್ಕೊಮ್ಮೆ ಹೊರತೆಗೆಯುವ ವಸ್ತುವಾಗುತ್ತದೆ. ನಮ್ಮ ಮಕ್ಕಳು ಕನ್ನಡವನ್ನು ಬಿಡುತ್ತಿದ್ದಾರೆಂದು ಕೊರಗುವ ನಾವು, ತಮ್ಮ ಇಂದಿನ ಸಂಕಟವನ್ನು ಹೇಳಿಕೊಳ್ಳಲು ಅವರಿಗೆ ಆ ಭಾಷೆಯಲ್ಲಿ ಒಂದು ಹಾಡನ್ನಾದರೂ ಕೊಟ್ಟಿದ್ದೇವೆಯೇ ಎಂದು ಕೇಳಿಕೊಳ್ಳಬೇಕು. ಊರಿನ ಹಂಬಲ ನಮ್ಮಲ್ಲಿ ಧಾರಾಳವಾಗಿದೆ. ಸಾಠೆಯವರ ಕೂಲಿಗೂ ಇದ್ದದ್ದು ಅದೇ ಹಂಬಲ. ಅವನ ಹಾಡು ಆ ಹಂಬಲವನ್ನು ದಾಟಿ, ನನ್ನನ್ನು ಊರು ಬಿಡಿಸಿದ್ದು ಏನೆಂದು ಕೇಳುವವರೆಗೆ ನಡೆಯಿತು. ನಮ್ಮದು ನಡುದಾರಿಯಲ್ಲಿಯೇ ಕುಳಿತುಬಿಟ್ಟಿತು.

ಪ್ರಚಾರದ ಹಾಡಿಗೆ ಸಾಹಿತ್ಯದಲ್ಲಿ ಬಾಳಿಕೆಯಿಲ್ಲ ಎಂಬ ಆಕ್ಷೇಪವನ್ನು ನಾನು ಬಲ್ಲೆ. ಹಲಗಲಿಯ ಲಾವಣಿ ಅದಕ್ಕೆ ಉತ್ತರ. ಕಾಲ ಕಳೆಯಿತು, ಇನ್ನು ಅಂಥ ಹಾಡು ಹುಟ್ಟದು ಎಂಬ ನಿರಾಶೆಗೂ ಉತ್ತರಗಳಿವೆ. ಹೈದರಾಬಾದಿನಲ್ಲಿ, 2023ರಲ್ಲಿ ತೀರಿಕೊಂಡ ಗದ್ದರ್ ಅವರು ಕಂಬಳಿ ಹೊದ್ದು ಹಾಡಿದ ಹಾಡುಗಳು ತೆಲಂಗಾಣದ ಚಳವಳಿಗೆ ನಾಲಗೆಯಾದವು. ಚೆನ್ನೈಯಲ್ಲಿ 2018ರ ಜನವರಿಯಲ್ಲಿ ವೇದಿಕೆಯೇರಿದ 'ದಿ ಕ್ಯಾಸ್ಟ್‌ಲೆಸ್ ಕಲೆಕ್ಟಿವ್' ತಂಡವು ಕೊಳೆಗೇರಿಗಳ ಗಾನಾ ಹಾಡನ್ನೂ ರಾಪ್ ಶೈಲಿಯನ್ನೂ ಬೆಸೆದು ಜಾತಿಯ ಪ್ರಶ್ನೆಯನ್ನು ಯುವಜನರ ನಡುವೆ ತಂದಿತು. ಇಂಥ ಹಾಡಿಗೆ ತೆರಬೇಕಾದ ಬೆಲೆಯನ್ನೂ ಮರೆಯುವಂತಿಲ್ಲ. 1997ರ ಜುಲೈ 11ರಂದು ಘಾಟ್ಕೋಪರದ ರಮಾಬಾಯಿ ನಗರದಲ್ಲಿ ಪೊಲೀಸರ ಗುಂಡಿಗೆ ಹತ್ತು ಜನ ಬಲಿಯಾದ ಬಳಿಕ, ಆ ನೋವನ್ನು ತಾಳಲಾರದೆ ಶಾಹಿರ ವಿಲಾಸ ಘೋಗ್ರೆ ಪ್ರಾಣವನ್ನೇ ತ್ಯಜಿಸಿದರು. ಹಾಡು ಕೆಲವರಿಗೆ ಕಾಲಕ್ಷೇಪವಲ್ಲ.

ವಿಶ್ವವಿದ್ಯಾಲಯದ ವಿಭಾಗವೊಂದು ಹಾಡು ಕಟ್ಟಲಾರದು, ನಿಜ. ಆದರೆ ಹಾಡು ಹುಟ್ಟುವುದಕ್ಕೆ ಬೇಕಾದ ನೆನಪನ್ನು ಅದು ಕಾಪಾಡಬಲ್ಲುದು. ಹೋಟೆಲು, ಗಿರಣಿ, ಬಂದರುಗಳಲ್ಲಿ ದುಡಿದ ಹಿರಿಯರು ಇನ್ನೂ ನಮ್ಮ ನಡುವೆ ಇದ್ದಾರೆ. ಅವರು ಕೆಲಸದ ನಡುವೆ ಗುನುಗಿದ, ಅಚ್ಚಾಗದ ಪದಗಳು ಅವರೊಂದಿಗೇ ಅಳಿಯುವ ಮುನ್ನ ಸಂಗ್ರಹವಾಗಬೇಕು. ಲಾವಣಿಯನ್ನು ತರಗತಿಯಲ್ಲಿ ಓದಿಸುವುದಷ್ಟೇ ಸಾಲದು, ಹಾಡಿಸಬೇಕು; ವಿದ್ಯಾರ್ಥಿಗಳು ಹಿಮ್ಮೇಳದಲ್ಲಿ ನಿಲ್ಲುವುದನ್ನು ಕಲಿಯಬೇಕು. ಮರಾಠಿಯ ಶಾಹಿರರನ್ನು, ತೆಲುಗು ಮತ್ತು ತಮಿಳಿನ ಹಾಡುಗಾರರನ್ನು ನೆರೆಯಲ್ಲಿಯೇ ಇಟ್ಟುಕೊಂಡಿರುವ ನಮಗೆ ತೌಲನಿಕ ಅಧ್ಯಯನದ ಇಂಥ ಅವಕಾಶ ಒಳನಾಡಿನ ವಿದ್ವಾಂಸರಿಗಿಂತ ಹೆಚ್ಚಾಗಿದೆ. ಫ್ಲೀಟನ ಕಾಲದಲ್ಲಿ ಕನ್ನಡದ ದೂರಿನ ಹಾಡು ಈ ಊರಿನಲ್ಲಿ ಅಚ್ಚಾಯಿತು. ಈ ಊರಿನ ಕನ್ನಡಿಗನ ದೂರು ಹಾಡಾಗುವ ಕೆಲಸ ಮಾತ್ರ ಇನ್ನೂ ಬಾಕಿಯಿದೆ.