ಎರಡೂವರೆ ಲೀಟರ್ ಅಗ್ಗ ಅಂದ್ಕೊಂಡಿದ್ದೆ

ನಮ್ಮ ಹೈಸ್ಕೂಲ್ ಬ್ಯಾಚಿನ ವಾಟ್ಸ್‌ಆ್ಯಪ್ ಗ್ರೂಪಿಗೆ ವರ್ಷಕ್ಕೊಂದು ಸಲ ಜೋಶ್ ಬರುತ್ತೆ. ಉಳಿದ ಹನ್ನೊಂದು ತಿಂಗಳು ಗುಡ್ ಮಾರ್ನಿಂಗ್ ಮೆಸೇಜು, ಯಾರದೋ ಗೃಹಪ್ರವೇಶದ ಕಾರ್ಡು ಅಷ್ಟೆ. ಈ ಸಲ ಜೋಶ್ ಬಂದಿದ್ದು ಮೇ ತಿಂಗಳಲ್ಲಿ. ಊರಿಗೆ ಹೋದ ಗೆಳೆಯನೊಬ್ಬ ನಮ್ಮ ಶಾಲೆಯ ಸೈನ್ಸ್ ಲ್ಯಾಬಿನ ಫೋಟೊ ಹಾಕಿದ. ಅದೇ ಕಬ್ಬಿಣದ ಬೀರು, ಅದೇ ಸಿಮೆಂಟ್ ಕಟ್ಟೆ, ಧೂಳು ಹಿಡಿದ ಬಾಟ್ಲಿಗಳು. 'ನಾವೆಲ್ಲ ಸೇರಿ ಲ್ಯಾಬ್ ಮಾಡಿಸಿಕೊಡೋಣ' ಅಂದ. ಒಂದೇ ವಾರದಲ್ಲಿ 75 ಸಾವಿರ ರೂಪಾಯಿ ಸೇರಿತು.

ಖರೀದಿ ಜವಾಬ್ದಾರಿ ನನ್ನ ತಲೆಗೆ ಬಂತು. ಕಾರಣ ಸರಳ. ನಾನು ಬೆಂಗಳೂರಿನ ಒಂದು ಕಂಪನಿಯಲ್ಲಿ ಪರ್ಚೇಸ್ ವಿಭಾಗದಲ್ಲಿದೀನಿ. ಮೂರು ಕೊಟೇಶನ್ ತರಿಸೋದು, ಹೋಲಿಸೋದು, ಚೌಕಾಸಿ ಮಾಡೋದೇ ನನ್ನ ಹೊಟ್ಟೆಪಾಡು. 'ಇದೇನು ಮಹಾ' ಅಂದ್ಕೊಂಡೆ.

ಒಂದು ಶನಿವಾರ ಕೂತು ಎಕ್ಸೆಲ್ ಶೀಟ್ ಮಾಡಿದೆ. ಬೀಕರ್, ಟೆಸ್ಟ್ ಟ್ಯೂಬ್, ಸ್ಪಿರಿಟ್ ಲ್ಯಾಂಪ್, ಆಸಿಡ್, ಉಪ್ಪುಗಳು. ಎಲ್ಲದಕ್ಕೂ ದೊಡ್ಡ ಪ್ಯಾಕನ್ನೇ ಹಾಕಿದೆ. ಸಲ್ಫ್ಯೂರಿಕ್ ಆಸಿಡ್ 500 ಎಂಎಲ್ ಬಾಟ್ಲಿಗಿಂತ ಎರಡೂವರೆ ಲೀಟರ್ ಬಾಟ್ಲಿ ಲೆಕ್ಕದಲ್ಲಿ ತುಂಬಾ ಅಗ್ಗ. ಆಫೀಸಿನಲ್ಲಾದರೆ ನನ್ನ ಮ್ಯಾನೇಜರ್ ಬೆನ್ನು ತಟ್ಟುತ್ತಿದ್ದರು.

ಮೂರು ಕೊಟೇಶನ್ ಬಂದವು. ಎಲ್ಲರಿಗಿಂತ ಕಡಿಮೆ ರೇಟು ಹಾಕಿದವನು ನನ್ನ ಹೆಸರು ಕೂಡ ಸರಿಯಾಗಿ ಕೇಳಲಿಲ್ಲ. 'ಅಡ್ರೆಸ್ ವಾಟ್ಸ್‌ಆ್ಯಪ್ ಮಾಡಿ ಮೇಡಂ, ಕಳಿಸ್ತೀವಿ' ಅಂದ. ಜಾಸ್ತಿ ರೇಟಿನವರು ಮಾತ್ರ ತಲೆ ತಿಂದರು. 'ಯಾವ ಶಾಲೆ? ಹೆಡ್ ಮಾಸ್ಟರ್ ಲೆಟರ್‌ಹೆಡ್ ಕಳಿಸಿ. ಆಸಿಡ್‌ಗೆ ಯಾರು ಜವಾಬ್ದಾರಿ? ಅವರ ಐಡಿ ಬೇಕು.' ನನಗೆ ಸಿಟ್ಟು ಬಂತು. ಮಾರೋದು ಬಿಟ್ಟು ಇದೇನು ಪೊಲೀಸ್ ವೆರಿಫಿಕೇಶನ್ನಾ ಅಂತ.

ಆರ್ಡರ್ ಮಾಡೋ ಮುಂಚೆ ಒಮ್ಮೆ ಶಾಲೆಗೆ ಹೋಗಿಬಾ ಅಂತ ಅಮ್ಮ ಹೇಳಿದ್ದಕ್ಕೆ, ಜೂನ್ ಮೊದಲ ವಾರ ಊರಿಗೆ ಹೋದೆ.

ಬೀರಿನ ಮುಂದೆ

ಈಗ ಸೈನ್ಸ್ ತಗೊಳ್ತಿರೋ ಮೇಡಂ ನನಗಿಂತ ಐದಾರು ವರ್ಷ ದೊಡ್ಡವರಿರಬಹುದು. ನನ್ನ ಶೀಟನ್ನ ಫೋನಿನಲ್ಲೇ ಓದಿದರು. ಒಂದು ಸಾಲಿನ ಮೇಲೆ ಬೆರಳಿಟ್ಟರು.

'ಲೆಡ್ ನೈಟ್ರೇಟ್ 500 ಗ್ರಾಂ. ಇದನ್ನ ಯಾಕೆ ಹಾಕಿದ್ರಿ?'

'ಹತ್ತನೇ ಕ್ಲಾಸ್ ಪುಸ್ತಕದಲ್ಲಿ ಇದೆಯಲ್ಲ ಮೇಡಂ, ಮೊದಲನೇ ಪಾಠದಲ್ಲೇ.'

'ಇದೆ. ಪುಸ್ತಕದಲ್ಲಿ ಎಷ್ಟು ತಗೊಳ್ಳಿ ಅಂತ ಬರೆದಿದೆ ಗೊತ್ತಾ? ಸುಮಾರು 2 ಗ್ರಾಂ. ನಮಗಿರೋದು ಎರಡು ಸೆಕ್ಷನ್. ವರ್ಷಕ್ಕೆ 4 ಗ್ರಾಂ.'

ನಾನು ಮನಸ್ಸಲ್ಲೇ ಭಾಗಾಕಾರ ಮಾಡಿದೆ. 125 ವರ್ಷ. ಬೇರೆ ಪ್ರಯೋಗಗಳಿಗೂ ಸೇರಿಸಿ ಹತ್ತು ಪಟ್ಟು ಖರ್ಚಾಗುತ್ತೆ ಅಂದ್ಕೊಂಡರೂ ಹನ್ನೆರಡು ವರ್ಷ. ಸೀಸ ಅಂದ್ರೆ ವಿಷ. ಹನ್ನೆರಡು ವರ್ಷ ಮಕ್ಕಳು ಓಡಾಡೋ ಜಾಗದಲ್ಲಿ ಅರ್ಧ ಕೆಜಿ ವಿಷ ಇಡೋದಕ್ಕೆ ನಾನು ಡಿಸ್ಕೌಂಟ್ ಹುಡುಕಿದ್ದೆ!

ಆಮೇಲೆ ಮೇಡಂ ಬೀರು ತೆಗೆದರು. ಬಾಟ್ಲಿಗಳನ್ನ ಯಾರೋ ಇಂಗ್ಲಿಷ್ ಅಕ್ಷರಮಾಲೆ ಪ್ರಕಾರ ನೀಟಾಗಿ ಜೋಡಿಸಿದ್ದರು. 'ಎಷ್ಟು ಚೆನ್ನಾಗಿ ಇಟ್ಟಿದೀರಾ' ಅಂದೆ. 'ಮುಂಚಿನವರು ಇಟ್ಟಿದ್ದು. ಸರಿಯಾಗಿ ನೋಡಿ' ಅಂದರು. ಎಂ ಅಕ್ಷರದ ಮೆಥಿಲೇಟೆಡ್ ಸ್ಪಿರಿಟ್. ಅದರ ಪಕ್ಕದಲ್ಲೇ ಎನ್ ಅಕ್ಷರದ ನೈಟ್ರಿಕ್ ಆಸಿಡ್. ಒಂದು ಬೇಗ ಹೊತ್ತಿಕೊಳ್ಳೋದು, ಇನ್ನೊಂದು ಉರಿ ಹೆಚ್ಚಿಸೋದು. ಎರಡು ಬಾಟ್ಲಿ ಒಟ್ಟಿಗೆ ಬಿದ್ದು ಒಡೆದರೆ ಬೆಂಕಿಗೆ ಬೇರೆ ಯಾರೂ ಬೇಕಿಲ್ಲ.

ಜೋಡಿಸಬೇಕಾದ್ದು ಹೆಸರಿನ ಪ್ರಕಾರ ಅಲ್ಲ, ಗುಣದ ಪ್ರಕಾರ. ಆಸಿಡ್‌ಗಳು ಕೆಳಗಿನ ತಟ್ಟಿನಲ್ಲಿ, ಪ್ಲಾಸ್ಟಿಕ್ ಟ್ರೇ ಒಳಗೆ. ನೈಟ್ರಿಕ್ ಆಸಿಡ್‌ಗೆ ಅದರದ್ದೇ ಬೇರೆ ಟ್ರೇ. ಕಾಸ್ಟಿಕ್ ಸೋಡಾ, ಅಮೋನಿಯ ಥರದವು ಆಸಿಡ್‌ನಿಂದ ದೂರ. ಸ್ಪಿರಿಟ್, ಅಸಿಟೋನ್ ಬೇರೆ ಕಡೆ. ಪೊಟ್ಯಾಸಿಯಂ ಪರ್ಮಾಂಗನೇಟ್ ಹತ್ತಿರ ಗ್ಲಿಸರಿನ್ ಇಡಲೇಬಾರದು. ಅವೆರಡು ಸೇರಿದರೆ ಕಡ್ಡಿ ಗೀರೋದೇ ಬೇಡ, ತಾನಾಗಿ ಹೊತ್ತಿಕೊಳ್ಳುತ್ತೆ.

ಮೂಲೆಯಲ್ಲಿ ಒಂದು ಸೋಡಿಯಂ ಬಾಟ್ಲಿ ಇತ್ತು. ಸೋಡಿಯಂನ ಸೀಮೆಎಣ್ಣೆಯಲ್ಲಿ ಮುಳುಗಿಸಿ ಇಡಬೇಕು. ಇದರಲ್ಲಿ ಎಣ್ಣೆ ಅರ್ಧ ಆರಿಹೋಗಿ, ಮೇಲಿನ ತುಂಡುಗಳ ಮೇಲೆ ಬಿಳಿ ಪದರ ಕಟ್ಟಿತ್ತು. ಪಕ್ಕದಲ್ಲಿ ಲೇಬಲ್ ಇಲ್ಲದ ನಾಲ್ಕು ಬಾಟ್ಲಿ. ಒಂದು ಮಾತ್ರೆ ಡಬ್ಬಿಯಲ್ಲಿ ಒಡೆದ ಥರ್ಮಾಮೀಟರ್‌ಗಳ ಪಾದರಸ. ನಾವು ಹುಡುಗರಾಗಿದ್ದಾಗ ಅದನ್ನ ಅಂಗೈ ಮೇಲೆ ಉರುಳಿಸಿ ಆಡಿದ್ದು ನೆನಪಾಗಿ ಮೈ ಜುಂ ಅಂತು. ಪಾದರಸದ ಆವಿ ಕಣ್ಣಿಗೆ ಕಾಣಲ್ಲ, ಮೂಗಿಗೆ ಗೊತ್ತಾಗಲ್ಲ. ಒಡೆದರೆ ಕಿಟಕಿ ತೆಗೆದು, ಮಕ್ಕಳನ್ನ ಆಚೆ ಕಳಿಸಿ, ಗಟ್ಟಿ ಕಾಗದದಿಂದ ಒಟ್ಟುಮಾಡಿ ಬಿಗಿ ಮುಚ್ಚಳದ ಬಾಟ್ಲಿಗೆ ಹಾಕಬೇಕು. ಪೊರಕೆ ಬಳಸಿದರೆ ಇನ್ನಷ್ಟು ಸಣ್ಣ ಹನಿಗಳಾಗಿ ಹರಡುತ್ತೆ. ಪಾದರಸದ ಬಳಕೆ ಕಡಿಮೆ ಮಾಡೋಕೆ ಅಂತಲೇ 2013ರಲ್ಲಿ ಮಿನಾಮಾಟಾ ಒಪ್ಪಂದ ಆಯ್ತು, ಭಾರತ 2018ರಲ್ಲಿ ಅದನ್ನ ಅನುಮೋದಿಸಿತು. ಶಾಲೆಗೆ ಕೆಂಪು ದ್ರವದ ಆಲ್ಕೋಹಾಲ್ ಥರ್ಮಾಮೀಟರ್ ಸಾಕೇ ಸಾಕು. ನನ್ನ ಶೀಟಿನಲ್ಲಿ ಪಾದರಸದ್ದೇ ಒಂದು ಡಜನ್ ಇತ್ತು.

ಅಣ್ಣನ ಕಾಲು

ಅಷ್ಟರಲ್ಲಿ ಟೀ ತಂದ ಅಟೆಂಡರಣ್ಣ. ನಮ್ಮ ಕಾಲದಿಂದಲೂ ಅವರೇ. ಮುಂದಿನ ವರ್ಷ ರಿಟೈರ್ಡ್ ಅಂತೆ. ಸ್ವಲ್ಪ ಕುಂಟ್ತಾರೆ. ಅದು ಯಾಕೆ ಅಂತ ನನಗೆ ಗೊತ್ತು, ಅಥವಾ ಗೊತ್ತು ಅಂದ್ಕೊಂಡಿದ್ದೆ.

ನಾನು ಒಂಬತ್ತನೇ ಕ್ಲಾಸಿನಲ್ಲಿದ್ದಾಗ ಶಾಲೆಗೆ ಇನ್‌ಸ್ಪೆಕ್ಷನ್ ಇತ್ತು. ಲ್ಯಾಬ್ ಕ್ಲೀನ್ ಮಾಡೋವಾಗ ಅಣ್ಣನ ಕೈಯಿಂದ ಆಸಿಡ್ ಬಾಟ್ಲಿ ಜಾರಿ ಬಿತ್ತು. ಎಡಗಾಲು ಮೊಣಕಾಲಿಂದ ಕೆಳಗೆ ಸುಟ್ಟಿತು. ಲ್ಯಾಬಿನ ನಲ್ಲೀಲಿ ಅವತ್ತು ನೀರಿರಲಿಲ್ಲ. ಯಾರೋ ಸುಣ್ಣ ಹಚ್ಚಿ ಅಂದರು, ಯಾರೋ ಬೋರ್‌ವೆಲ್ ಕಡೆ ಓಡಿದರು. 'ಜೋಪಾನವಾಗಿ ಹಿಡ್ಕೊಳ್ಳೋಕೆ ಏನು ಧಾಡಿ' ಅಂತ ದೊಡ್ಡವರು ಅಂದಿದ್ದನ್ನ ನಾವೂ ನಂಬಿದ್ವಿ. ಕಾರಿಡಾರಿನಲ್ಲಿ ಅವರ ನಡಿಗೆ ಅನುಕರಿಸಿ ನಕ್ಕಿದ್ದೂ ಉಂಟು. ಬರೆಯೋಕೆ ನಾಚಿಕೆ ಆಗುತ್ತೆ.

'ಅಣ್ಣ, ಅವತ್ತು ಬಾಟ್ಲಿ ಎಲ್ಲಿತ್ತು?' ಅಂತ ಕೇಳಿದೆ.

'ಮೇಲಿನ ತಟ್ಟಲ್ಲಿ ಕಣಮ್ಮ. ಸ್ಟೂಲ್ ಹತ್ತಿ ಇಳಿಸ್ಬೇಕಿತ್ತು. ದೊಡ್ಡ ಬಾಟ್ಲಿ. ನೀರಿನಷ್ಟೇ ತೂಕ ಇರ್ತದೆ ಅಂತ ಒಂದು ಕೈಲಿ ಕತ್ತು ಹಿಡಿದು ಎತ್ತಿದೆ.'

ಸಲ್ಫ್ಯೂರಿಕ್ ಆಸಿಡ್ ನೀರಿಗಿಂತ ಹೆಚ್ಚು ಕಡಿಮೆ ಎರಡು ಪಟ್ಟು ಭಾರ. ಒಂದು ಲೀಟರ್‌ಗೆ 1.84 ಕೆಜಿ. ಎರಡೂವರೆ ಲೀಟರ್ ಅಂದರೆ ನಾಲ್ಕೂವರೆ ಕೆಜಿ ದಾಟುತ್ತೆ, ಗಾಜಿನ ತೂಕ ಬೇರೆ. ಅದನ್ನ ಅಣ್ಣನಿಗೆ ಯಾರೂ ಹೇಳಿರಲಿಲ್ಲ. ಕೈಗೆ ಗ್ಲೌಸ್ ಇರಲಿಲ್ಲ, ಕಾಲಲ್ಲಿ ಹವಾಯಿ ಚಪ್ಪಲಿ.

'ಅಷ್ಟು ದೊಡ್ಡ ಬಾಟ್ಲಿ ಶಾಲೆಗೆ ಯಾಕೆ ತರಿಸಿದ್ರು?'

ಅಣ್ಣ ನಕ್ಕರು. 'ನಿಮ್ಮಂಗೇ ಹಳೆ ಹುಡುಗರು ಕೊಟ್ಟಿದ್ದು. ಪ್ರೀತಿಯಿಂದ ಕೊಟ್ಟಿದ್ರು ಬಿಡಮ್ಮ.'

ನಾನು ಟೀ ಲೋಟ ಕೆಳಗಿಟ್ಟೆ. ನನ್ನ ಶೀಟಿನ ಏಳನೇ ಸಾಲಿನಲ್ಲಿ ಅದೇ ಎರಡೂವರೆ ಲೀಟರ್ ಬಾಟ್ಲಿ ಇತ್ತು. ಹಸಿರು ಬಣ್ಣದಲ್ಲಿ, 'ಬೆಸ್ಟ್ ಪ್ರೈಸ್' ಅಂತ.

ತಲೆ ತಿಂದವರೇ ಸರಿ

ವಾಪಸ್ ಬಂದು ಆ ಜಾಸ್ತಿ ರೇಟಿನ ಅಂಗಡಿಯವರಿಗೆ ಫೋನ್ ಮಾಡಿದೆ. ಅವರು ಕೇಳಿದ್ದು ಕಾನೂನು. ಆಸಿಡ್ ದಾಳಿಗೆ ಒಳಗಾದ ಲಕ್ಷ್ಮಿ ಅವರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2013ರ ಜುಲೈನಲ್ಲಿ ಆದೇಶ ಕೊಟ್ಟಿದೆ. ಮಾರುವವರು ಕೊಳ್ಳುವವರ ವಿಳಾಸ, ಗುರುತಿನ ಚೀಟಿ, ಯಾಕೆ ಬೇಕು ಅನ್ನೋದನ್ನ ದಾಖಲಿಸಬೇಕು. 18 ವರ್ಷದ ಒಳಗಿನವರಿಗೆ ಮಾರುವಂತಿಲ್ಲ. ಅದೇ ಆದೇಶದಲ್ಲಿ ಶಿಕ್ಷಣ ಸಂಸ್ಥೆಗಳಿಗೂ ಮಾತಿದೆ: ಆಸಿಡ್ ಬಳಕೆಗೆ ರಿಜಿಸ್ಟರ್ ಇಡಬೇಕು, ಅದನ್ನ ಉಪವಿಭಾಗಾಧಿಕಾರಿಗೆ ಸಲ್ಲಿಸಬೇಕು, ಒಬ್ಬರನ್ನ ಜವಾಬ್ದಾರರನ್ನಾಗಿ ಮಾಡಬೇಕು, ಲ್ಯಾಬಿನಿಂದ ಹೊರಹೋಗುವವರನ್ನ ತಪಾಸಣೆ ಮಾಡಬೇಕು. ಇವನ್ನ ಪಾಲಿಸದಿದ್ದರೆ 50 ಸಾವಿರದವರೆಗೆ ದಂಡ. ನಮ್ಮ ಶಾಲೆಯಲ್ಲಿ ಆ ರಿಜಿಸ್ಟರ್ ಇರಲಿಲ್ಲ. ಈಗ ಇದೆ. 200 ಪುಟದ ನೋಟ್‌ಬುಕ್, ನಮ್ಮ ಖರೀದಿಯಲ್ಲೇ ಅತಿ ಕಡಿಮೆ ಬೆಲೆಯ ವಸ್ತು ಅದು.

'ಆಸಿಡ್‌ನ ಬಸ್ಸಲ್ಲಿ ಕಾಲ ಕೆಳಗೆ ಇಟ್ಕೊಂಡು ನಾನೇ ಒಯ್ತೀನಿ' ಅಂದಿದ್ದ ನಮ್ಮ ಗ್ರೂಪಿನ ಗೆಳೆಯನಿಗೂ ಬುದ್ಧಿ ಹೇಳಿದ್ದಾಯ್ತು. ಅಂಗಡಿಯವರೇ ತಮ್ಮ ಗಾಡಿಯಲ್ಲಿ ತಲುಪಿಸಿದರು.

ಕೊನೆಗೆ ಕೊಂಡಿದ್ದು

ಮೊದಲ ಖರ್ಚು ನೀರಿಗೆ. ಲ್ಯಾಬಿಗೆ ಅಂತಲೇ ಛಾವಣಿ ಮೇಲೊಂದು ಟ್ಯಾಂಕು, ಎರಡು ನಲ್ಲಿ, ಒಂದಕ್ಕೆ ಮೆದು ಪೈಪು. ಆಸಿಡ್ ಬಿದ್ದರೆ ಸುಣ್ಣ ಅಲ್ಲ, ಬಟ್ಟೆ ತೆಗೆದು ಹರಿಯೋ ನೀರಲ್ಲಿ ಇಪ್ಪತ್ತು ನಿಮಿಷ ತೊಳೆಯಬೇಕು, ಆಮೇಲೆ ಆಸ್ಪತ್ರೆ. ಕಣ್ಣಿಗೆ ಬಿದ್ದರೂ ಮೊದಲು ನೀರೇ.

ಆಮೇಲೆ ಕನ್ನಡಕ, ಗ್ಲೌಸ್, ಮರಳು ತುಂಬಿದ ಎರಡು ಬಕೆಟ್, ಬೀಗ ಇರೋ ಎರಡು ಬೀರು, ಟ್ರೇಗಳು, ಒಂದು ಬೆಂಕಿ ಆರಿಸೋ ಸಿಲಿಂಡರ್. ಸೋಡಿಯಂಗೆ ಬೆಂಕಿ ಬಿದ್ದರೆ ಒಣ ಮರಳೇ ಬೇಕು, ನೀರು ಹಾಕಿದರೆ ಕೆಲಸ ಕೆಡುತ್ತೆ.

ಗಾಜಿನ ಸಾಮಾನು ಕಮ್ಮಿ ತಗೊಂಡು ಬೋರೋಸಿಲಿಕೇಟ್ ತಗೊಂಡ್ವಿ. ಬಿಸಿಗೆ ಅದು ಮಾಮೂಲಿ ಗಾಜಿನ ಮೂರನೇ ಒಂದು ಭಾಗದಷ್ಟು ಮಾತ್ರ ಹಿಗ್ಗುತ್ತೆ, ಅದಕ್ಕೇ ಸುಲಭಕ್ಕೆ ಬಿರಿಯಲ್ಲ. ಹಳೇ ಕಲ್ನಾರಿನ ತಂತಿಬಲೆ ಬದಲು ಸೆರಾಮಿಕ್ ಇರೋದು. ಕೆಮಿಕಲ್‌ಗಳು ಎಲ್ಲಾ ಚಿಕ್ಕ ಪ್ಯಾಕು, ಎಲ್ಆರ್ ದರ್ಜೆಯವು. ಶಾಲೆಗೆ ಅದಕ್ಕಿಂತ ಶುದ್ಧವಾದ ದುಬಾರಿ ಎಆರ್ ದರ್ಜೆ ಬೇಡ. ಪ್ರತಿ ಬಾಟ್ಲಿ ಮೇಲೆ ಬಂದ ದಿನ, ತೆಗೆದ ದಿನ ಬರೆದ ಚೀಟಿ. ಜೊತೆಗೆ ಪ್ರತಿಯೊಂದಕ್ಕೂ ಸೇಫ್ಟಿ ಡೇಟಾ ಶೀಟ್. ಇದರಲ್ಲಿ 16 ಭಾಗ ಇರುತ್ತೆ. ಎರಡನೇದು ಅಪಾಯ, ನಾಲ್ಕನೇದು ಪ್ರಥಮ ಚಿಕಿತ್ಸೆ, ಏಳನೇದು ಹೇಗಿಡಬೇಕು, ಹದಿಮೂರನೇದು ಹೇಗೆ ವಿಲೇವಾರಿ ಮಾಡಬೇಕು. ಈ ನಾಲ್ಕನ್ನ ಮೇಡಂ ಕನ್ನಡದಲ್ಲಿ ಬರೆದು ಬೀರಿನ ಬಾಗಿಲಿಗೆ ಅಂಟಿಸಿದಾರೆ. ಯಾಕಂದ್ರೆ ಬಾಟ್ಲಿ ಎತ್ತಿಡೋದು ಅಣ್ಣ, ಅವರು ಓದೋದು ಕನ್ನಡ.

ಹಳೇ ಸಾಮಾನೇ ದೊಡ್ಡ ತಲೆನೋವಾಯ್ತು. ಸಿಂಕಿಗೆ ಸುರಿದರೆ ಬೋರ್‌ವೆಲ್‌ಗೆ ಹೋಗುತ್ತೆ, ತಿಪ್ಪೆಗೆ ಹಾಕಿದರೆ ಚಿಂದಿ ಆಯೋ ಮಕ್ಕಳ ಕೈಗೆ ಸಿಗುತ್ತೆ. ಹತ್ತಿರದ ಡಿಗ್ರಿ ಕಾಲೇಜಿನ ಕೆಮಿಸ್ಟ್ರಿ ಲೆಕ್ಚರರ್ ಒಬ್ಬರು ಬಂದು ಪಟ್ಟಿ ಮಾಡಿದರು. ಸೋಡಿಯಂ ಬಾಟ್ಲಿ ಮುಚ್ಚಳ ಯಾರೂ ಮುಟ್ಟಬೇಡಿ ಅಂದು, ಅದನ್ನ ತಾವೇ ನೋಡ್ಕೊಂಡರು. ಉಳಿದವು ಬೇರೆ ಟ್ರೇಗಳಲ್ಲಿ ಬೀಗದೊಳಗಿವೆ. ಅಪಾಯಕಾರಿ ತ್ಯಾಜ್ಯಕ್ಕೆ 2016ರ ನಿಯಮಗಳಿವೆ. ಮಾಲಿನ್ಯ ನಿಯಂತ್ರಣ ಮಂಡಳಿಯ ಅನುಮತಿ ಇರೋ ಸಂಸ್ಥೆಗೇ ಕೊಡಬೇಕು. ಹೆಡ್ ಮಾಸ್ಟರ್ ಪತ್ರ ಬರೆದಿದಾರೆ, ನಾನು ಫಾಲೋಅಪ್ ಮಾಡ್ತಿದೀನಿ. ಉಳಿಸಿಟ್ಟ 9 ಸಾವಿರ ಇದಕ್ಕೇ. ಹೊಸದು ಕೊಳ್ಳೋಕೆ ನನಗೆ ಎರಡು ದಿನ ಸಾಕಾಯ್ತು. ಹಳೇದನ್ನ ಆಚೆ ಹಾಕೋಕೆ ಮೂರು ತಿಂಗಳಾದರೂ ಮುಗಿದಿಲ್ಲ.

ನೀವೂ ಕೊಡೋರಿದ್ದರೆ

ನಮ್ಮ ವಯಸ್ಸಿನವರು ಈಗ ಶಾಲೆಗಳಿಗೆ ಕೊಡೋದು ಜಾಸ್ತಿಯಾಗಿದೆ, ಒಳ್ಳೇದೇ. ಲ್ಯಾಬಿಗೆ ಕೊಡೋದಾದರೆ 'ಆರ್ಡರ್ ನೌ' ಒತ್ತುವ ಮುಂಚೆ ಐದು ಪ್ರಶ್ನೆ ಕೇಳಿ.

1. ಇದು ಯಾವ ಪಾಠಕ್ಕೆ, ಮಾಡಿಸೋರು ಯಾರು?
2. ಒಂದು ವರ್ಷಕ್ಕೆ ಎಷ್ಟು ಗ್ರಾಂ, ಎಷ್ಟು ಎಂಎಲ್ ಬೇಕು?
3. ಎಲ್ಲಿ ಇಡ್ತಾರೆ, ಬೀಗದ ಕೈ ಯಾರ ಹತ್ರ?
4. ಮೈಮೇಲೆ ಬಿದ್ದರೆ ನೀರು ಎಷ್ಟು ಹೆಜ್ಜೆ ದೂರ?
5. ಉಳಿದದ್ದು, ಕೆಟ್ಟದ್ದು ಎಲ್ಲಿಗೆ ಹೋಗುತ್ತೆ?

ಒಂದಕ್ಕೆ ಉತ್ತರ ಇಲ್ಲದಿದ್ದರೂ ಆ ವಸ್ತು ಬಿಟ್ಟು, ಉತ್ತರಕ್ಕೆ ದುಡ್ಡು ಕೊಡಿ. ಟ್ಯಾಂಕಿಗೋ ಬೀಗಕ್ಕೋ ಕನ್ನಡಕಕ್ಕೋ. ಅದರ ಫೋಟೊ ಹಾಕಿದರೆ ಗ್ರೂಪಿನಲ್ಲಿ ಅಷ್ಟೇನೂ ಲೈಕ್ ಬರಲ್ಲ, ನಮ್ಮದಕ್ಕೆ ಬಂದಿದ್ದು ಆರು.

ಸಾಮಾನು ಬಂದ ದಿನ ನಾನೂ ಹೋಗಿದ್ದೆ. ಅಣ್ಣ ಗ್ಲೌಸ್ ಹಾಕ್ಕೊಂಡು, 500 ಎಂಎಲ್ ಆಸಿಡ್ ಬಾಟ್ಲಿಯನ್ನ ಬಕೆಟ್ ಒಳಗಿಟ್ಟು, ಎರಡೂ ಕೈಲಿ ಹಿಡಿದು ತಂದು ಕೆಳಗಿನ ಟ್ರೇಯಲ್ಲಿ ಇಟ್ಟರು. ಬೂಟು ಹಾಕಿದ್ದರು. 'ಇಷ್ಟೇನಾ?' ಅಂತ ಕೇಳಿದರು.

'ಇಷ್ಟೇ ಅಣ್ಣ' ಅಂದೆ. ಅವತ್ತಿನ ನಗುವಿಗೆ ಕ್ಷಮೆ ಕೇಳಬೇಕು ಅಂತ ಹೋಗಿದ್ದೆ. ಕೇಳಿದೆ. 'ಅಯ್ಯೋ, ಮಕ್ಕಳು ನಗ್ದೆ ಇನ್ನೇನು ಮಾಡ್ತವೆ' ಅಂದು, ಬೀರಿಗೆ ಬೀಗ ಹಾಕಿ, ರಿಜಿಸ್ಟರ್‌ನಲ್ಲಿ ಮೊದಲ ಸಹಿ ಅವರೇ ಹಾಕಿದರು.