ಲೆಡ್ಜರ್ ಆಚೆ, ಭಾಗ 6: ವಿಮಾನ ಹಳೇದು, ಸರಿ. ಬಿಲ್ ಯಾರಿಗೆ?

ಏರ್ ಇಂಡಿಯಾ ಸುದ್ದಿ ಬಂದಾಗಲೆಲ್ಲ ಕಾಮೆಂಟ್‌ಗಳಲ್ಲಿ ಒಂದೇ ಮಾತು: "ಇನ್ನೂ ಹಳೇ ಡಬ್ಬಾ ಓಡಿಸ್ತಿದ್ದಾರೆ, ಹೊಸದು ತಗೊಳ್ಳೋಕೆ ಏನು ಕಷ್ಟ?" ನೀವೂ ಹೀಗೇ ಅಂದುಕೊಂಡಿದ್ರೆ ಈ ಕ್ಯಾಪ್ಶನ್ ನಿಮಗೇ. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡ್ತೀನಿ. ಎರಡು ಏರ್‌ಲೈನ್ಸ್ ಒಂದಾದಾಗ ಸೆಕೆಂಡ್ ಹ್ಯಾಂಡ್ ವಿಮಾನ ತರೋದು ತಪ್ಪಲ್ಲ. ಅದರ ಖರ್ಚನ್ನ ಸದ್ದಿಲ್ಲದೆ ಪೈಲಟ್‌ಗಳ ಮೇಲೆ, ಪ್ರಯಾಣಿಕರ ಮೇಲೆ ದಾಟಿಸೋದು ತಪ್ಪು.

ಮೊದಲು ನಮ್ಮ ಬೆಂಗಳೂರಿನ ಕಥೆ ನೋಡಿ.

ಗೊರೂರಿನ ಕ್ಯಾಪ್ಟನ್ ಗೋಪಿನಾಥ್ 2003ರಲ್ಲಿ ಏರ್ ಡೆಕ್ಕನ್ ಶುರು ಮಾಡಿದ್ದು ಲೀಸ್‌ಗೆ ತಂದ ಪುಟ್ಟ ಎಟಿಆರ್ ವಿಮಾನಗಳಿಂದ. ವಿಜಯ್ ಮಲ್ಯ ಅವರ ಕಿಂಗ್‌ಫಿಷರ್ ಬಂದದ್ದು 2005ರಲ್ಲಿ. ಆಗ ಒಂದು ನಿಯಮ ಇತ್ತು: ದೇಶದೊಳಗೆ ಐದು ವರ್ಷ ಹಾರಿರಬೇಕು, 20 ವಿಮಾನ ಇರಬೇಕು, ಆಮೇಲೇ ವಿದೇಶಕ್ಕೆ ಹಾರಾಟ. ಕಿಂಗ್‌ಫಿಷರ್‌ಗೆ ಐದು ವರ್ಷ ಆಗಿರಲಿಲ್ಲ, ಡೆಕ್ಕನ್‌ಗೆ 2008ರ ಆಗಸ್ಟ್‌ಗೆ ಆಗ್ತಿತ್ತು. ಎರಡೂ ಒಂದಾದವು. 2008ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿಂದ ಲಂಡನ್‌ಗೆ ಕಿಂಗ್‌ಫಿಷರ್ ಹಾರಿತು, ಹೊಚ್ಚ ಹೊಸ ಏರ್‌ಬಸ್ ಎ330ರಲ್ಲಿ.

ಕನಸು ಅಲ್ಲಿಗೇ ನಿಲ್ಲಲಿಲ್ಲ. ಬೆಂಗಳೂರಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಎಲ್ಲೂ ಇಳಿಯದೆ ಹಾರಬೇಕು ಅಂತ ನಾಲ್ಕು ಇಂಜಿನ್‌ನ ಎ340-500 ವಿಮಾನಗಳಿಗೆ ಆರ್ಡರ್ ಆಗಿತ್ತು. 2008ರ ಜುಲೈನಲ್ಲಿ ಕಚ್ಚಾ ತೈಲ ಬ್ಯಾರೆಲ್‌ಗೆ 147 ಡಾಲರ್ ಮುಟ್ಟಿತು. ಆ ವಿಮಾನಗಳನ್ನ ಕಿಂಗ್‌ಫಿಷರ್ ತಗೊಳ್ಳಲೇ ಇಲ್ಲ, ಅದರಲ್ಲಿ ಕೆಲವು ನೈಜೀರಿಯಾದ ಏರ್‌ಲೈನ್ಸ್ ಪಾಲಾದವು. 2012ರ ಅಕ್ಟೋಬರ್ ಹೊತ್ತಿಗೆ ಕಂಪನಿಯೇ ನೆಲಕ್ಕಿಳಿಯಿತು. ಹೊಸ ವಿಮಾನ ಹಾರಿಸಿದ ಪೈಲಟ್‌ಗಳು ತಿಂಗಳುಗಟ್ಟಲೆ ಸಂಬಳ ಇಲ್ಲದೆ ಕಾದರು.

ಅದೇ ಮಾರ್ಗದಲ್ಲಿ ನೇರ ವಿಮಾನ ಕೊನೆಗೆ ಬಂದದ್ದು 2021ರ ಜನವರಿಯಲ್ಲಿ. ಕ್ಯಾಪ್ಟನ್ ಜೋಯಾ ಅಗರ್ವಾಲ್ ನೇತೃತ್ವದ ಮಹಿಳಾ ಪೈಲಟ್‌ಗಳು ಸ್ಯಾನ್ ಫ್ರಾನ್ಸಿಸ್ಕೋದಿಂದ ಉತ್ತರ ಧ್ರುವದ ಮೇಲೆ ಹಾದು, ಸುಮಾರು 14,000 ಕಿ.ಮೀ. ದೂರದ ಬೆಂಗಳೂರಿಗೆ ತಂದಿಳಿಸಿದರು. ವಿಮಾನ ಯಾವುದು ಗೊತ್ತಾ? ಹತ್ತು ವರ್ಷ ದಾಟಿದ್ದ ಏರ್ ಇಂಡಿಯಾದ ಬೋಯಿಂಗ್ 777-200ಎಲ್‌ಆರ್. ಹೊಸ ವಿಮಾನದ ಪ್ಲ್ಯಾನ್ ಕಾಗದದಲ್ಲೇ ಉಳೀತು, ಹಳೇದು ಕೆಲಸ ಮಾಡಿ ತೋರಿಸ್ತು.

ಈಗ ಟಾಟಾ ಕಡೆ ಬನ್ನಿ. 2022ರ ಜನವರಿಯಲ್ಲಿ ಏರ್ ಇಂಡಿಯಾ ಟಾಟಾ ಕೈಗೆ ಬಂತು. ವಿಸ್ತಾರಾ ಜೊತೆ ವಿಲೀನ ಮುಗಿದದ್ದು 2024ರ ನವೆಂಬರ್ 12ರಂದು. ನಡುವೆ, 2023ರ ಫೆಬ್ರವರಿಯಲ್ಲಿ, 470 ಹೊಸ ವಿಮಾನಗಳ ಆರ್ಡರ್ ಘೋಷಣೆ ಆಯ್ತು. ಆದ್ರೆ ಆರ್ಡರ್ ಕೊಟ್ಟ ತಕ್ಷಣ ವಿಮಾನ ಬರಲ್ಲ, ವರ್ಷಗಟ್ಟಲೆ ಸರದಿ. ಅಲ್ಲಿಯವರೆಗೆ ಅಮೆರಿಕಕ್ಕೆ ಯಾವುದರಲ್ಲಿ ಹಾರೋದು? ಕೋವಿಡ್ ಹೊತ್ತಲ್ಲಿ ಅಮೆರಿಕದ ಡೆಲ್ಟಾ ತನ್ನ 777ಗಳನ್ನೆಲ್ಲ ನಿಲ್ಲಿಸಿಬಿಟ್ಟಿತ್ತು. ಅದರಲ್ಲಿ ಐದನ್ನ ಏರ್ ಇಂಡಿಯಾ ಲೀಸ್‌ಗೆ ತಂತು. ಇನ್ನೊಂದು ತಮಾಷೆ: ಏರ್ ಇಂಡಿಯಾಗೆ ಮೊದಲು ಬಂದ ಆರು "ಹೊಸ" ಎ350ಗಳು ಮೂಲತಃ ರಷ್ಯಾದ ಏರೋಫ್ಲಾಟ್‌ಗೆ ಅಂತ ತಯಾರಾಗಿದ್ದವು.

ನಮ್ಮ ಅಕೌಂಟ್ಸ್ ಕ್ಲಾಸ್ ಭಾಷೆಯಲ್ಲಿ ಹೇಳೋದಾದ್ರೆ, ಹೊಸ ವಿಮಾನಕ್ಕೆ ಸವಕಳಿ, ಬಡ್ಡಿ, ಲೀಸ್ ಬಾಡಿಗೆ ಜಾಸ್ತಿ. ಇಂಧನ, ರಿಪೇರಿ ಕಡಿಮೆ. ಎ350 ಹಿಂದಿನ ತಲೆಮಾರಿನ ವಿಮಾನಗಳಿಗಿಂತ 25% ಇಂಧನ ಉಳಿಸುತ್ತೆ ಅಂತ ಏರ್‌ಬಸ್ ಹೇಳುತ್ತೆ. ಹಳೇದಕ್ಕೆ ಈ ಲೆಕ್ಕ ತಿರುಗುಮುರುಗು. ತೈಲ ಬೆಲೆ ಏರಿದ್ರೆ ಹೊಸದು ಗೆಲ್ಲುತ್ತೆ, ಬಡ್ಡಿ ಏರಿದ್ರೆ ಹಳೇದು. ಮನೇಲಿ ಸೆಕೆಂಡ್ ಹ್ಯಾಂಡ್ ಸ್ಕೂಟರ್ ತಗೊಳ್ಳೋದಾ, ಇಎಂಐ ಮೇಲೆ ಹೊಸದಾ ಅಂತ ಚರ್ಚೆ ಆಗಿದ್ರೆ ಈ ಲೆಕ್ಕ ನಿಮಗೆ ಆಗಲೇ ಗೊತ್ತು.

ಆದ್ರೆ ಪೈಲಟ್ ಲೆಕ್ಕ ಬೇರೆ.

ಒಂದು, ಅವರು ವಿಮಾನದ ಹುಟ್ಟಿದ ದಿನಕ್ಕಿಂತ ಅದು ಎಷ್ಟು ಸಲ ಏರಿ ಇಳಿದಿದೆ, ನಿರ್ವಹಣೆ ಹೇಗಿದೆ, ಟೆಕ್ ಲಾಗ್‌ನಲ್ಲಿ ಏನೇನು ದೂರು ಬಾಕಿ ಇದೆ ಅಂತ ನೋಡ್ತಾರೆ. ನಮ್ಮ ಮಂಡಕಳ್ಳಿಗೆ ಬರೋ ಥರದ ಎಟಿಆರ್ ದಿನಕ್ಕೆ ಹಲವು ಸಲ ಏರಿ ಇಳಿಯುತ್ತೆ. ಅಮೆರಿಕಕ್ಕೆ ಹೋಗೋ 777 ಒಮ್ಮೆ ಏರಿದ್ರೆ ಹದಿನೈದು ಹದಿನಾರು ಗಂಟೆ ಮೇಲೇ. ಒಂದೇ ವಯಸ್ಸಾದ್ರೂ ಎರಡರ ಮೈ ಸವೆದಿರೋ ರೀತಿ ಬೇರೆ ಬೇರೆ.

ಎರಡು, ಯಾವ ವಿಮಾನ ಅನ್ನೋದರ ಮೇಲೆ ಅವರ ಬದುಕು ನಿಂತಿದೆ. ಪ್ರತಿ ಮಾದರಿಗೂ ಪ್ರತ್ಯೇಕ ಟೈಪ್ ರೇಟಿಂಗ್ ಬೇಕು, ಅಂದ್ರೆ ಸಿಮ್ಯುಲೇಟರ್, ಪರೀಕ್ಷೆ, ಮೇಲ್ವಿಚಾರಣೆಯಲ್ಲಿ ಹಾರಾಟ. ಅಷ್ಟು ದಿನ ಹಾರಾಟದ ಗಂಟೆ ಕಡಿಮೆ, ಕೈಗೆ ಬರೋ ದುಡ್ಡೂ ಕಡಿಮೆ. ಹಳೇ ವಿಮಾನ ಬಂದ್ರೆ ಗೊತ್ತಿರೋ ಕಾಕ್‌ಪಿಟ್‌ನಲ್ಲಿ ಕೂಡಲೇ ಕೆಲಸ. ಹೊಸ ಮಾದರಿ ಬಂದ್ರೆ ಮುಂದಿನ ಇಪ್ಪತ್ತು ವರ್ಷಕ್ಕೆ ಬೆಲೆ ಬಾಳೋ ವಿದ್ಯೆ. ಹಾಗಾದ್ರೆ ಹೊಸದಕ್ಕೆ ಮೊದಲು ಯಾರು? ಆ ಕಂಪನಿಯವರಾ, ಈ ಕಂಪನಿಯವರಾ?

ಈ ಪ್ರಶ್ನೆಗೇ 2012ರಲ್ಲಿ ದೊಡ್ಡ ಮುಷ್ಕರ ಆಯ್ತು. ಏರ್ ಇಂಡಿಯಾ ಮತ್ತು ಇಂಡಿಯನ್ ಏರ್‌ಲೈನ್ಸ್ 2007ರಲ್ಲಿ ಒಂದಾಗಿದ್ದವು. ಐದು ವರ್ಷ ಆದ್ಮೇಲೂ, ಹೊಸ ಡ್ರೀಮ್‌ಲೈನರ್ ತರಬೇತಿ ಇಂಡಿಯನ್ ಏರ್‌ಲೈನ್ಸ್ ಕಡೆಯವರಿಗೂ ಸಿಗುತ್ತೆ ಅಂದಾಗ ಏರ್ ಇಂಡಿಯಾ ಕಡೆಯ ಪೈಲಟ್‌ಗಳು 58 ದಿನ ಕೆಲಸ ಬಿಟ್ಟರು. ಕಾಗದದ ಮೇಲೆ ವಿಲೀನ ಆಗಿತ್ತು, ಮನಸ್ಸಲ್ಲಿ ಆಗಿರಲಿಲ್ಲ. 2024ರಲ್ಲಿ ವಿಸ್ತಾರಾದಲ್ಲೂ ಗಲಾಟೆ ಆಯ್ತು. ಹೊಸ ವೇತನ ಪದ್ಧತಿಯಲ್ಲಿ ಖಾತ್ರಿ ಸಂಬಳ 70 ಗಂಟೆ ಲೆಕ್ಕದಿಂದ 40 ಗಂಟೆಗೆ ಇಳಿಯಿತು, ಎಷ್ಟೋ ಪೈಲಟ್‌ಗಳು ರಜೆ ಹಾಕಿದರು, ಏಪ್ರಿಲ್ ಹೊತ್ತಿಗೆ ವಿಮಾನಗಳು ರದ್ದಾದವು. ಏರ್‌ಪೋರ್ಟ್‌ನಲ್ಲಿ ಕಾದವರು ಯಾರು? ನಮ್ಮ ನಿಮ್ಮಂಥವರು.

"ಹಾಗಾದ್ರೆ ಸುರಕ್ಷತೆ?" ಅಂತ ಕೇಳ್ತೀರಾ. 2025ರ ಜೂನ್ 12ರಂದು ಅಹಮದಾಬಾದ್‌ನಲ್ಲಿ 260 ಜನ ಸತ್ತರು. ಆ ಭಯ ಸಣ್ಣದಲ್ಲ. ಆ ಡ್ರೀಮ್‌ಲೈನರ್ 2014ರಲ್ಲಿ ಏರ್ ಇಂಡಿಯಾಗೆ ಹೊಸದಾಗಿಯೇ ಬಂದದ್ದು. ಕಾರಣ ಹೇಳೋದು ತನಿಖೆ ಮಾಡೋರ ಕೆಲಸ, ರೀಲ್ಸ್ ಮಾಡೋರದ್ದಲ್ಲ. ನಾನು ಹೇಳೋದಿಷ್ಟೇ, "ಹಳೇದು" ಅನ್ನೋ ಒಂದು ಪದದಲ್ಲಿ ಸುರಕ್ಷತೆಯ ಲೆಕ್ಕ ಮುಗಿಸಿಬಿಡಬೇಡಿ. ಚೆನ್ನಾಗಿ ನೋಡಿಕೊಂಡ ಹದಿನೈದು ವರ್ಷದ ವಿಮಾನ, ದುಡ್ಡಿಲ್ಲದ ಕಂಪನಿಯ ಐದು ವರ್ಷದ ವಿಮಾನಕ್ಕಿಂತ ವಾಸಿ.

ಹಾಗಂತ ಹಳೇದನ್ನೇ ಎಳೀತಾ ಹೋಗಿ ಅಂತ ಅಲ್ಲ. ಸೆಕೆಂಡ್ ಹ್ಯಾಂಡ್ ವಿಮಾನ ಸೇತುವೆ ಇದ್ದಂಗೆ, ಅದರ ಮೇಲೇ ಮನೆ ಕಟ್ಟಬಾರದು. ಹಳೇ ದೊಡ್ಡ ವಿಮಾನಗಳ ಒಳಾಂಗಣ ಬದಲಿಸೋಕೆ 40 ಕೋಟಿ ಡಾಲರ್ ಅಂತ ಏರ್ ಇಂಡಿಯಾ 2022ರ ಡಿಸೆಂಬರ್‌ನಲ್ಲೇ ಹೇಳಿತ್ತು. ಸೀಟು, ಬಿಡಿಭಾಗ ಸಿಗದೆ ಅದು ತಡವಾಯ್ತು. ಒಪ್ಪೋಣ. ಆದ್ರೆ ತಡ ಆದಷ್ಟು ದಿನ ಮುರಿದ ಸೀಟು, ಆನ್ ಆಗದ ಸ್ಕ್ರೀನ್‌ಗೂ ಪ್ರಯಾಣಿಕ ಕೊಡೋದು ಪೂರ್ತಿ ಟಿಕೆಟ್ ದುಡ್ಡು. ಬ್ಯಾಲೆನ್ಸ್ ಶೀಟ್‌ನಲ್ಲಿ ಕಾಣದ ಖರ್ಚು ಅಂದ್ರೆ ಇದೇ.

ಕುವೆಂಪುನಗರ, ವಿಜಯನಗರದಲ್ಲಿ ಬೀದಿಗೊಂದು ಮನೆಯ ಮಗನೋ ಮಗಳೋ ಅಮೆರಿಕದಲ್ಲಿದ್ದಾರೆ. ಅಜ್ಜ ಅಜ್ಜಿ ರಾತ್ರಿ ಫ್ಲೈಬಸ್ ಹತ್ತಿ ದೇವನಹಳ್ಳಿಗೆ ಹೋಗ್ತಾರೆ. ನಮ್ಮ ಬ್ಯಾಚ್‌ನಲ್ಲೇ ಪೈಲಟ್ ಆಗೋ ಆಸೆ ಇರೋರೂ ಇದ್ದಾರೆ, ಸಾಲ ಮಾಡಿ ಟ್ರೈನಿಂಗ್ ಸೇರೋರು. ಇವರಿಗೆಲ್ಲ ಇದು ಬರೀ ಜನರಲ್ ನಾಲೆಡ್ಜ್ ಅಲ್ಲ.

ಮುಂದೆ ಯಾವುದೇ ಎರಡು ಕಂಪನಿ ಒಂದಾದ ಸುದ್ದಿ ಓದಿದಾಗ, ವಿಮಾನನೋ ಬ್ಯಾಂಕೋ, ಮೂರು ಪ್ರಶ್ನೆ ಕೇಳಿ. ಹಳೇ ಆಸ್ತಿ ಎಷ್ಟು ದಿನಕ್ಕೆ? ಹೊಸದರ ಅವಕಾಶ ಯಾವ ನಿಯಮದ ಮೇಲೆ ಹಂಚ್ತಾರೆ? ನಡುವಿನ ಕಷ್ಟದ ಬಿಲ್ ಯಾರ ಹೆಸರಲ್ಲಿ ಬರುತ್ತೆ? ಮೂರಕ್ಕೂ ಬರವಣಿಗೆಯಲ್ಲಿ ಉತ್ತರ ಕೊಡೋ ಕಂಪನಿ ಹಳೇ ವಿಮಾನ ಹಾರಿಸಿದ್ರೂ ನಾನು ನಂಬ್ತೀನಿ.

ನೀವೇನಂತೀರಾ? ಒಪ್ಪದಿದ್ರೆ ಕಾಮೆಂಟ್‌ನಲ್ಲಿ ಜಗಳ ಆಡಿ, ಲೆಕ್ಕ ಸಮೇತ. ಭಾಗ 7ರಲ್ಲಿ ಸಿಗೋಣ.

#ಲೆಡ್ಜರ್‌ಆಚೆ #ಮೈಸೂರು #ಬಿಕಾಂಬಳಗ