ಕಪ್ಪು ಕಾರಿನ ಹೊಳಪು ಮತ್ತು ಗೃಹಸ್ಥನ ವಿವೇಕ

ಹೊಳಪು ಬೇರೆ, ಶುಚಿತ್ವ ಬೇರೆ. ಇವೆರಡನ್ನೂ ಒಂದೇ ಎಂದು ಭಾವಿಸಿದ ಮನೆಗಳ ಅಂಗಳದಲ್ಲಿ ಪ್ರತಿದಿನ ಬೆಳಗಾಗುವ ಮುನ್ನವೇ ಪೈಪಿನಿಂದ ನೀರು ಹರಿಯತೊಡಗುತ್ತದೆ. ಹಳೆಯ ಬನಿಯನ್ನಿನ ಚಿಂದಿಯೊಂದು ಕಾರಿನ ಮೈಮೇಲೆ ಓಡಾಡುತ್ತದೆ. ಕಾರು ಕಪ್ಪು ಬಣ್ಣದ್ದಾದರಂತೂ ಈ ಉಪಚಾರಕ್ಕೆ ಮಿತಿಯೇ ಇಲ್ಲ. ಆದರೆ ಚಂದ್ರಬಂಡದಿಂದ ರಾಯಚೂರಿಗೆ, ದೇವದುರ್ಗದಿಂದ ಮಾನ್ವಿಗೆ ಓಡಾಡುವ ಇಂತಹ ಕಾರೊಂದನ್ನು ನಡುಹಗಲಿನ ಬಿಸಿಲಿನಲ್ಲಿ ಒಮ್ಮೆ ನಿಲ್ಲಿಸಿ ನೋಡಬೇಕು. ಬಾನೆಟ್ಟಿನ ತುಂಬ ಜೇಡರ ಬಲೆಯಂತಹ ಸಣ್ಣ ಗೀರುಗಳು ಮಿನುಗುತ್ತವೆ. ಇದು ತೊಳೆಯದೆ ಬಿಟ್ಟದ್ದರ ಫಲವಲ್ಲ. ಅವಿವೇಕದಿಂದ ದಿನವೂ ಒರೆಸಿದ್ದರ ಫಲ.

ಕಾರಣ ಸ್ಪಷ್ಟವಾಗಿಯೇ ಇದೆ. ರಾಯಚೂರು ಸೀಮೆಯದು ಕಗ್ಗಲ್ಲಿನ ನೆಲ. ಆ ಕಲ್ಲು ಸವೆದು ಆದ ಧೂಳಿನಲ್ಲಿ ಬೆಣಚುಕಲ್ಲಿನ ಕಣಗಳಿರುತ್ತವೆ. ಬೆಣಚು ಗಾಜನ್ನೇ ಗೀರಬಲ್ಲದು. ಕಾರಿನ ಬಣ್ಣ ಅದಕ್ಕೆಷ್ಟರದು? ಇದರೊಡನೆ ಶಕ್ತಿನಗರದ ಶಾಖೋತ್ಪನ್ನ ಕೇಂದ್ರವೂ ಇದೆ. 1985ರಲ್ಲಿ ಅಲ್ಲಿನ ಮೊದಲ ಘಟಕ ಆರಂಭವಾಯಿತು. ಕಲ್ಲಿದ್ದಲಿನ ಹಾರುಬೂದಿ ಸುತ್ತಲಿನವರಿಗೆ ಹೊಸದಲ್ಲ. ಇಂತಹ ಧೂಳು ಕುಳಿತ ಮೈಯನ್ನು ಒಣಬಟ್ಟೆಯಿಂದ ಉಜ್ಜುವುದೆಂದರೆ ಮರಳುಕಾಗದದಿಂದ ಉಜ್ಜಿದಂತೆಯೇ. ಬಿಳಿಯ ಕಾರಿನ ಮೇಲೂ ಇಷ್ಟೇ ಗೀರುಗಳು ಬೀಳುತ್ತವೆ. ಆದರೆ ಗೀರಿನ ಅಂಚಿನಿಂದ ಚದುರಿದ ಬಿಳಿಯ ಬೆಳಕು ಬಿಳಿಯ ಹಿನ್ನೆಲೆಯಲ್ಲಿ ಅಡಗುತ್ತದೆ, ಕಪ್ಪಿನ ಹಿನ್ನೆಲೆಯಲ್ಲಿ ಎದ್ದು ಕಾಣುತ್ತದೆ. ಕಪ್ಪು ಬಣ್ಣ ಒಡೆಯನ ತಪ್ಪನ್ನು ಮುಚ್ಚಿಡುವುದಿಲ್ಲ, ಅಷ್ಟೆ.

ಗೀರು ಕಂಡೊಡನೆ ಒಡೆಯನಿಗೆ ಪಾಲಿಶ್ ನೆನಪಾಗುತ್ತದೆ. ಇದು ಎರಡನೆಯ ಅವಿವೇಕ. ಅಂಬಾಸಿಡರ್, ಪದ್ಮಿನಿ ಕಾರುಗಳ ಕಾಲದ ಎನಾಮೆಲ್ ಬಣ್ಣ ಬಿಸಿಲಿಗೆ ಮಂಕಾಗಿ, ಸುಣ್ಣದ ಪುಡಿಯಂತೆ ಏಳುತ್ತಿತ್ತು. ಅದನ್ನು ಉಜ್ಜಿ ತೆಗೆಯುವುದು ಅಂದಿಗೆ ಅನಿವಾರ್ಯವಾಗಿತ್ತು. ಉಜ್ಜಿದ ಬಟ್ಟೆಗೆ ಕಾರಿನ ಬಣ್ಣವೇ ಹತ್ತುತ್ತಿತ್ತು. ಇಂದಿನ ಕಾರುಗಳಲ್ಲಿ ಬಣ್ಣದ ಮೇಲೆ ಪಾರದರ್ಶಕವಾದ ಕ್ಲಿಯರ್ ಕೋಟ್ ಎಂಬ ಪದರವಿರುತ್ತದೆ. ಅದರ ದಪ್ಪ ಸಾಮಾನ್ಯವಾಗಿ 40-50 ಮೈಕ್ರಾನ್, ತಲೆಗೂದಲಿಗಿಂತ ತೆಳುವು. ಪಾಲಿಶ್ ಮಾಡುವುದೆಂದರೆ ಗೀರಿನ ತಳದವರೆಗೆ ಸುತ್ತಲಿನ ಪದರವನ್ನು ಸವೆಸುವುದು. ಗೀರು ಮಾಯವಾಗುವುದು ಗಾಯ ಮಾಯ್ದದ್ದರಿಂದಲ್ಲ, ಚರ್ಮ ತೆಳುವಾದದ್ದರಿಂದ.

ವ್ಯಾಪಾರಿಗೆ ಇದನ್ನು ಖಾತೆಯ ಭಾಷೆಯಲ್ಲಿ ಹೇಳಬಹುದು. ಕ್ಲಿಯರ್ ಕೋಟ್ ಮೂಲಧನ. ಕಾರ್ಖಾನೆಯಲ್ಲಿ ಒಮ್ಮೆ ತೊಡಗಿಸಿದ್ದು, ಮತ್ತೆ ಬೆಳೆಯುವುದಿಲ್ಲ. ಪಾಲಿಶ್ ಆ ಮೂಲಧನದಿಂದ ಹಣ ಹಿಂತೆಗೆಯುವ ಕ್ರಿಯೆ. ಮೇಣ, ಅಂದರೆ ವ್ಯಾಕ್ಸ್, ಹಾಗಲ್ಲ. ಅದು ಮೇಲೆ ಕುಳಿತು ತಾನು ಸವೆದು ಮೂಲಧನವನ್ನು ಕಾಯುವ ನಿರ್ವಹಣಾ ವೆಚ್ಚ. ಹಬ್ಬಕ್ಕೊಮ್ಮೆ, ಮದುವೆಗೊಮ್ಮೆ ಪಾಲಿಶ್ ಮಾಡಿಸಿ ವರ್ಷವಿಡೀ ಮೇಣ ಹಚ್ಚದಿರುವವನು ಅಸಲನ್ನು ತಿನ್ನುತ್ತಾ ಲಾಭವೆಂದು ಬರೆದುಕೊಳ್ಳುವ ವರ್ತಕನಂತೆ.

ಇನ್ನು ನೀರಿನ ಲೆಕ್ಕ. ನಿಮಿಷಕ್ಕೆ 12 ಲೀಟರ್ ಸುರಿಸುವ ಪೈಪನ್ನು ದಿನಕ್ಕೆ ಹತ್ತು ನಿಮಿಷ ತೆರೆದಿಟ್ಟರೆ 120 ಲೀಟರ್. ವರ್ಷಕ್ಕೆ 43,800 ಲೀಟರ್. ಹದಿನೈದು ಲೀಟರಿನ ಮೂರು ಬಕೆಟ್‌ಗಳಲ್ಲಿ ವಾರಕ್ಕೊಮ್ಮೆ ತೊಳೆದರೆ ವರ್ಷಕ್ಕೆ 2,340 ಲೀಟರ್. ಉಳಿಯುವುದು 41,460 ಲೀಟರ್. ಜಲ ಜೀವನ್ ಮಿಷನ್ ಗ್ರಾಮೀಣ ಜನರಿಗೆ ತಲಾ ದಿನಕ್ಕೆ 55 ಲೀಟರ್ ಎಂದು ನಿಗದಿಪಡಿಸಿದೆ. ಆ ಪ್ರಕಾರ ಒಂದು ಕಾರಿನ ಹೊಳಪಿಗಾಗಿ ಚರಂಡಿ ಸೇರುವ ಹೆಚ್ಚುವರಿ ನೀರು ಇಬ್ಬರು ಮನುಷ್ಯರ ಇಡೀ ವರ್ಷದ ಪಾಲು. ಕೃಷ್ಣೆ, ತುಂಗಭದ್ರೆಯರ ನಡುವೆ ಇದ್ದೂ ಮಾನ್ವಿ, ರಾಯಚೂರು ಭಾಗದ ಕಾಲುವೆಯ ಕೊನೆಯಂಚಿನ ರೈತರು ನೀರಿಗಾಗಿ ಕಾಯುವ ನಾಡಿದು. 2022ರಲ್ಲಿ ರಾಯಚೂರು ನಗರದಲ್ಲಿ ಕಲುಷಿತ ಕುಡಿಯುವ ನೀರಿನಿಂದ ಜನ ಪ್ರಾಣ ಕಳೆದುಕೊಂಡದ್ದನ್ನು ಯಾರೂ ಮರೆತಿಲ್ಲ. 2024ರ ಮಾರ್ಚ್‌ನಲ್ಲಿ ಬೆಂಗಳೂರು ಜಲಮಂಡಳಿ ಕುಡಿಯುವ ನೀರಿನಿಂದ ವಾಹನ ತೊಳೆಯುವುದನ್ನು ನಿಷೇಧಿಸಿ, 5,000 ರೂಪಾಯಿ ದಂಡ ವಿಧಿಸಿತು. ದಂಡದ ಭಯದಿಂದ ಬರುವ ಸಂಯಮಕ್ಕಿಂತ ತಿಳಿವಳಿಕೆಯಿಂದ ಬರುವ ಸಂಯಮ ಮೇಲಲ್ಲವೇ?

"ಬೋರ್‌ವೆಲ್ ಸ್ವಂತದ್ದು, ಕರೆಂಟಿನ ಬಿಲ್ಲೂ ಸ್ವಂತದ್ದು" ಎಂಬ ಉತ್ತರ ಸಿದ್ಧವಾಗಿಯೇ ಇರುತ್ತದೆ. ಕೊಳವೆ ಸ್ವಂತದ್ದಿರಬಹುದು, ನೆಲದೊಳಗಿನ ನೀರು ಬೇಲಿಯನ್ನು ಅರಿಯದು. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಅನರ್ಥದಂಡಗಳನ್ನು ಹೇಳುವಾಗ, ಪ್ರಯೋಜನವಿಲ್ಲದೆ ನೀರು ಚೆಲ್ಲುವುದನ್ನೂ ನೆಲ ಅಗೆಯುವುದನ್ನೂ ಪ್ರಮಾದಚರ್ಯೆಯಲ್ಲಿ ಸೇರಿಸಿದ್ದಾರೆ. ಕುಡಿಯುವ ನೀರನ್ನು ಬಟ್ಟೆಯಲ್ಲಿ ಸೋಸಿ ಕುಡಿಯುವ ಮನೆಯ ಬಾಗಿಲಲ್ಲೇ ಅಳತೆಯಿಲ್ಲದೆ ನೀರು ಹರಿದರೆ ಆ ಸೋಸುವಿಕೆಗೆ ಅರ್ಥವೇನು? ಹಾಗೆಂದು ಕಾರನ್ನು ತೊಳೆಯಲೇಬಾರದೆಂದಲ್ಲ. ಹಕ್ಕಿಯ ಹಿಕ್ಕೆ ಬಿಸಿಲಿನಲ್ಲಿ ಬಣ್ಣವನ್ನು ತಿನ್ನುತ್ತದೆ. ಕೆಸರು ಕಬ್ಬಿಣಕ್ಕೆ ತುಕ್ಕು ತರುತ್ತದೆ. ಇವನ್ನು ತೊಳೆಯುವುದು ಪ್ರಯೋಜನ. ಇಲ್ಲಿ ಆಕ್ಷೇಪವಿರುವುದು ತೊಳೆಯುವುದಕ್ಕಲ್ಲ, ಪ್ರಮಾದಕ್ಕೆ.

ವಿವೇಕದ ಕ್ರಮ ಕಷ್ಟದ್ದೇನೂ ಅಲ್ಲ. ರಾಯಚೂರಿನ ಬೇಸಿಗೆಯ ಉಷ್ಣತೆ 40 ಡಿಗ್ರಿ ಮೀರುತ್ತದೆ. ಕಪ್ಪು ಲೋಹ ಅದಕ್ಕಿಂತಲೂ ಬಹಳ ಕಾಯುತ್ತದೆ. ಕಾದ ಮೈಮೇಲೆ ಗಡಸು ನೀರು ಕ್ಷಣದಲ್ಲಿ ಆರಿ ಸುಣ್ಣದ ಕಲೆ ಉಳಿಸುತ್ತದೆ. ಆದ್ದರಿಂದ ನೆರಳಿನಲ್ಲಿ, ಲೋಹ ತಣ್ಣಗಿರುವಾಗ ತೊಳೆಯಬೇಕು. ಮೊದಲು ಚೊಂಬಿನಿಂದ ನೀರು ಹನಿಸಿ ಧೂಳನ್ನು ಸಡಿಲಿಸಬೇಕು. ಒಂದು ಬಕೆಟ್ಟಿನಲ್ಲಿ ಕಾರಿನ ಶಾಂಪೂ, ಇನ್ನೊಂದರಲ್ಲಿ ಬಟ್ಟೆ ಜಾಲಿಸಲು ಬರಿಯ ನೀರು, ಮೂರನೆಯದು ಮೊದಲು ನೆನೆಸಲು ಮತ್ತು ಕೊನೆಗೆ ಸುರಿಯಲು. ಮೇಲಿನಿಂದ ಕೆಳಕ್ಕೆ, ಸುತ್ತಿಸದೆ, ನೇರವಾಗಿ ಒರೆಸಬೇಕು. ಚಕ್ರಗಳಿಗೆ ಬೇರೆ ಬಟ್ಟೆಯಿರಬೇಕು. ಬಟ್ಟೆ ಒಗೆಯುವ ಪುಡಿಯನ್ನು ಬಳಸಿದರೆ ಹಚ್ಚಿದ ಮೇಣವೇ ಕಿತ್ತುಹೋಗುತ್ತದೆ. ನೀರು ಪೂರ್ತಿ ಆರಿಸಿದ ಮೇಲೆ ಮೇಣವನ್ನು ತೀರ ತೆಳುವಾಗಿ, ಭಾಗ ಭಾಗವಾಗಿ ಹಚ್ಚಿ, ಮಸುಕಾದೊಡನೆ ಶುಭ್ರವಾದ ಮೈಕ್ರೋಫೈಬರ್ ಬಟ್ಟೆಯಿಂದ ಒರೆಸಬೇಕು. ಸುರಿದ ನೀರು ಮಣಿಗಳಂತೆ ನಿಲ್ಲುವವರೆಗೆ ಮೇಣವಿದೆ ಎಂದು ತಿಳಿಯಬಹುದು; ಹರಡಿಕೊಂಡಾಗ ಮತ್ತೆ ಹಚ್ಚಿದರಾಯಿತು. ಉಗುರಿಗೆ ತಾಗುವಷ್ಟು ಆಳದ ಗೀರನ್ನು ಪಾಲಿಶ್‌ನಿಂದ ಅಳಿಸಲು ಹೋಗುವುದು ಮೂಲಧನದ ನಾಶ. ಅದನ್ನು ಹಾಗೆಯೇ ಬಿಡುವುದು ಲೇಸು.

ಮೇಣದಲ್ಲಿಯೂ ವಿವೇಚನೆ ಬೇಕು. ಜೇನುಮೇಣ ಬೆರೆತ ಪಾಲಿಶ್‌ಗಳು ಮಾರುಕಟ್ಟೆಯಲ್ಲಿವೆ. ಮಧುತ್ಯಾಗವನ್ನು ಮೂಲಗುಣವೆಂದು ಎಣಿಸುವ ಶ್ರಾವಕನು ಅದೇ ಹುಟ್ಟಿನ ಮೇಣವನ್ನು ಕಾರಿಗೆ ಬಳಿಯುವುದು ಹೇಗೆ? ಬ್ರೆಜಿಲ್ ದೇಶದ ತಾಳೆಜಾತಿಯ ಮರವೊಂದರ ಎಲೆಯಿಂದ ಬರುವ ಕಾರ್ನೌಬಾ ಮೇಣ ಸಸ್ಯಮೂಲದ್ದು. ಜೇನುಮೇಣ ಸುಮಾರು 62-64 ಡಿಗ್ರಿಗೆ ಕರಗಿದರೆ, ಕಾರ್ನೌಬಾ 80 ಡಿಗ್ರಿ ದಾಟಿದ ಮೇಲೆ ಕರಗುತ್ತದೆ. ಈ ಬಿಸಿಲುಸೀಮೆಯ ಕಪ್ಪು ಬಾನೆಟ್ಟಿಗೆ ಧರ್ಮವೂ ಭೌತಶಾಸ್ತ್ರವೂ ಒಂದೇ ಮೇಣವನ್ನು ಸೂಚಿಸುತ್ತವೆ. ಹಾಗೆಯೇ ನೀರು ಒರೆಸುವ ಅಸಲಿ ಶಾಮಿ ಕುರಿಯ ಚರ್ಮದ್ದು. ಬಸದಿಯ ಬಾಗಿಲಲ್ಲಿ ಚರ್ಮದ ಬೆಲ್ಟು ಬಿಚ್ಚಿಡುವವರು ಕಾರಿನ ಡಿಕ್ಕಿಯಲ್ಲಿ ಅದನ್ನು ಇಟ್ಟುಕೊಂಡು ತಿರುಗುವುದು ಸೋಜಿಗ. ಡಬ್ಬಿಯ ಮೇಲಿನ ಬರಹವನ್ನು ಓದಿ ಕೊಳ್ಳುವುದಕ್ಕೆ ಪಾಂಡಿತ್ಯವೇನೂ ಬೇಕಿಲ್ಲ.

ಕೊನೆಯ ಆಕ್ಷೇಪ ಕರುಣೆಯ ವೇಷದಲ್ಲಿ ಬರುತ್ತದೆ: ದಿನವೂ ತೊಳೆಸದಿದ್ದರೆ ತೊಳೆಯುವ ಹುಡುಗನ ಹೊಟ್ಟೆಯ ಗತಿಯೇನು? ಒಂದೇ ಬಕೆಟ್ ನೀರು, ಒಂದೇ ಚಿಂದಿ ಕೊಟ್ಟು, ಹಲವು ಕಾರುಗಳನ್ನು ಸೂರ್ಯೋದಯದೊಳಗೆ ಮುಗಿಸೆಂದು ಹೇಳಿ, ಗೀರು ಕಂಡ ದಿನ ಅವನನ್ನೇ ಬಯ್ಯುವ ಒಡೆಯನ ಬಾಯಲ್ಲಿ ಈ ಕರುಣೆ ಒಪ್ಪುವುದಿಲ್ಲ. ಕೂಲಿ ಚೆಲ್ಲಿದ ನೀರಿಗಲ್ಲ, ಮಾಡಿದ ಕೆಲಸದ ಗುಣಕ್ಕೆ. ತಿಂಗಳ ಅದೇ ಹಣವನ್ನು ಕೊಟ್ಟು, ವಾರಕ್ಕೊಮ್ಮೆ ನೆರಳಿನಲ್ಲಿ, ಒಳ್ಳೆಯ ಬಟ್ಟೆಯಿಂದ, ಅವಸರವಿಲ್ಲದೆ ಮಾಡಿಸಿದರೆ ಅವನ ಕೈಗೆ ಕಸುಬು ಬರುತ್ತದೆ, ಅವನಿಗೆ ನಿದ್ದೆಯೂ ದಕ್ಕುತ್ತದೆ. ಅದಕ್ಕಿಂತ ಉತ್ತಮವಾದುದು, ಒಡೆಯನೇ ತೋಳು ಮಡಚಿ ಬಕೆಟ್ ಹಿಡಿಯುವುದು. ತನ್ನ ಕೈಯಿಂದ ಹೊತ್ತ ನೀರನ್ನು ಯಾರೂ ಸುಮ್ಮನೆ ಚೆಲ್ಲುವುದಿಲ್ಲ.

ಧೂಳಿನ ನಾಡಿನ ಕಾರಿನ ಮೇಲೆ ಎರಡು ದಿನದ ಧೂಳಿರುವುದು ಮನೆತನಕ್ಕೆ ಕುಂದಲ್ಲ. ಗೌರವ ಬಾನೆಟ್ಟಿನಲ್ಲಿ ಮುಖ ಕಾಣುವುದರಿಂದ ಬರುವುದೂ ಅಲ್ಲ. ಗೃಹಸ್ಥರು ಪೈಪನ್ನು ಸುತ್ತಿಡಲಿ, ಒಣಚಿಂದಿಯನ್ನು ಎಸೆಯಲಿ, ಪಾಲಿಶ್ ಡಬ್ಬಿಯನ್ನು ಕಪಾಟಿನ ಹಿಂದಕ್ಕೆ ಸರಿಸಲಿ. ಮೂರು ಬಕೆಟ್ ನೀರು, ಒಂದು ಚಿಟಿಕೆ ಮೇಣ, ಒಂದು ಗಂಟೆಯ ಎಚ್ಚರ ಸಾಕು. ಕಾರೂ ಉಳಿಯುತ್ತದೆ, ನೀರೂ ಉಳಿಯುತ್ತದೆ.